ಹೊಸ್ತಿಲು ತುಳಿದ ಕಾಲು

ನನ್ನ ತೋರುಬೆರಳಿಗೂ ಆ ಗುಂಡಿಗೂ ನಡುವೆ ಒಂದು ಗೇಣು ಅಂತರವಿತ್ತು. ಈಗಲೂ ಖಾನಾಪುರದ ಕಾಲೇಜಿನಲ್ಲಿ ಪಾಠ ಮಾಡುತ್ತ ಹಲಗೆಯ ಕಡೆ ಕೈ ಎತ್ತಿದಾಗ ಆ ಬೆರಳು ತಾನಾಗಿ ನಿಂತುಬಿಡುತ್ತದೆ. ಮುಂದಿನ ಬೆಂಚಿನ ಹುಡುಗಿಯರು, "ಮರತ್ರೇನ್ರಿ ಮ್ಯಾಡಮ್?" ಎಂದು ಕೇಳುತ್ತಾರೆ. ಮರೆತಿಲ್ಲ. ಮರೆಯಲು ಆಗುತ್ತಿಲ್ಲ.

ಆ ಗುಂಡಿ ಇದ್ದದ್ದು ಬೆಳಗಾವಿಯ ರಾಮತೀರ್ಥ ನಗರದಲ್ಲಿರುವ ನಮ್ಮ ಮನೆಯ ಅಡುಗೆಮನೆಯಲ್ಲಿ, ಮಿಕ್ಸರ್ ಇಡುವ ಕಟ್ಟೆಯ ಮೇಲಿನ ಗೋಡೆಗೆ. ಅದನ್ನು ಕೂಡಿಸಿದವರು ನನ್ನ ವೈನಿ, ಅಣ್ಣನ ಹೆಂಡತಿ. ಖಾನಾಪುರದ ಕುಂಬಾರರ ಮನೆಯ ಮಗಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮದುವೆಯಾಗಿ ಬಂದವರು. ನಮ್ಮ ಅಡುಗೆ ಕಟ್ಟೆಯ ಅರ್ಧ ಭಾಗ ಅವ್ವನದು, ಇನ್ನರ್ಧ ವೈನಿಯದು. ಒಂದು ಕಡೆ ಲಟ್ಟಣಿಗೆ, ಇನ್ನೊಂದು ಕಡೆ ಬೆಸುಗೆಯ ಸಲಾಕೆ. ಗೋಡೆಯ ಮೇಲೆ, ಮಸಾಲೆ ಡಬ್ಬಿಗಳ ಸಾಲಿನ ಪಕ್ಕ, ಚೌಕಟ್ಟು ಹಾಕಿಸಿದ ಎರಡು ಪೇಟೆಂಟ್ ಪತ್ರಗಳಿದ್ದವು. ಮೊದಲನೆಯದು, ಕೀಲಿ ಹಾಕುವುದನ್ನು ಮರೆತು ಹೊರಟವರನ್ನು ಗೇಟಿನಲ್ಲೇ ಕೂಗಿ ನಿಲ್ಲಿಸುವ ಸಾಧನಕ್ಕೆ. ಎರಡನೆಯದು, ಬಾಗಿಲ ಗಂಟೆ ಒತ್ತಿದರೆ ಕಿವಿ ಕೇಳದವರ ಕೈಬಳೆ ನಡುಗುವಂತೆ ಮಾಡುವ ಪೆಟ್ಟಿಗೆಗೆ.

ಮೂರನೆಯದು ಹೊಸ್ತಿಲಿನ ಯಂತ್ರ. ಅದಕ್ಕಾಗಿ ವೈನಿ ನಾಲ್ಕು ವರ್ಷ ಸವೆಸಿದ್ದರು. ಅರ್ಜಿ ಹಾಕಿಯಾಗಿತ್ತು, ಆಕ್ಷೇಪಣೆ ಬಂದಿತ್ತು, ನಾನು ಇಂಗ್ಲಿಷಿನಲ್ಲಿ ಉತ್ತರ ಬರೆದುಕೊಟ್ಟಿದ್ದೆ, ಮತ್ತೆ ಆಕ್ಷೇಪಣೆ ಬಂದಿತ್ತು. ತುಳಿದರೆ ಸದ್ದು ಮಾಡುವ ಚಾಪೆಗಳು ಮೊದಲೇ ಇವೆ, ಅವನ್ನು ಹೊಸ್ತಿಲ ಕೆಳಗೆ ಇಡುವುದು ಈ ಕೆಲಸ ಬಲ್ಲ ಯಾರಿಗಾದರೂ ಹೊಳೆಯುವ ಮಾತು ಎಂಬುದು ಪೇಟೆಂಟ್ ಕಚೇರಿಯ ಪರೀಕ್ಷಕರ ವಾದ. ಉಳಿದಿದ್ದು ಒಂದು ವಿಚಾರಣೆ ಮಾತ್ರ. ಅಲ್ಲಿ ಒಪ್ಪಿಸಲಾಗದಿದ್ದರೆ ನಾಲ್ಕು ವರ್ಷದ ಕೆಲಸಕ್ಕೆ ತೆರೆ.

ಯಂತ್ರದ ಮೊದಲ ವಿರೋಧಿ ಮಾತ್ರ ಪರೀಕ್ಷಕರಲ್ಲ, ನಮ್ಮವ್ವ. ವೈನಿ ಹೊಸ್ತಿಲ ಹಲಗೆ ಎಬ್ಬಿಸಿ ಕೆಳಗೆ ಲೋಹದ ಪಟ್ಟಿ ಇಡುತ್ತಿದ್ದಾಗ ಅವ್ವ ವಿಭೂತಿ ಬಟ್ಟಲು ಹಿಡಿದು ಅಡ್ಡ ನಿಂತಿದ್ದಳು.

"ಲಕ್ಷ್ಮಿ ಬರೂ ದಾರ್ಯಾಗ ಕರೆಂಟ್ ಇಡ್ತೀಯೇನ? ಆಕಿಗೆ ಶಾಕ್ ಹೊಡದ್ರ ಹೊಳ್ಳಿ ಹೋಗ್ತಾಳ ನೋಡು."

"ಲಕ್ಷ್ಮಿ ಹೊಸ್ತಿಲಾ ತುಳೀತಾಳೇನ್ರಿ ಅತ್ಯಾರ? ದಾಟಿ ಬರ್ತಾಳ. ದಾಟಿ ಬಂದಾವ್ರಿಗೆ ನನ್ನ ಮಶೀನ್ ಏನೂ ಅನ್ನಂಗಿಲ್ಲ."

ಇಡೀ ಯಂತ್ರ ಇರುವುದೇ ಆ ಮಾತಿನಲ್ಲಿ. ದಿನಾ ಬೆಳಿಗ್ಗೆ ತೊಳೆದು ಕುಂಕುಮ ಹಚ್ಚುವ ಹೊಸ್ತಿಲನ್ನು ನಮ್ಮ ಕಡೆ ಯಾರೂ ತುಳಿಯುವುದಿಲ್ಲ. ಹಾಲು ತರುವಾಕೆ, ಸಿಲಿಂಡರ್ ಹೊತ್ತು ತರುವವನು, ಓಡಿ ಬರುವ ಮಕ್ಕಳು, ಎಲ್ಲರೂ ಕಾಲೆತ್ತಿ ದಾಟುತ್ತಾರೆ. ಎತ್ತಿದ್ದು ಅವರಿಗೇ ಗೊತ್ತಿರುವುದಿಲ್ಲ. ವೈನಿ ಹೊರಕೋಣೆಯಲ್ಲಿ ಕುಳಿತು ರೇಡಿಯೋ ರಿಪೇರಿ ಮಾಡುತ್ತ ತಿಂಗಳುಗಟ್ಟಲೆ ಬರೀ ಕಾಲು ನೋಡಿದ್ದರು. "ತುಳ್ಯಾವ್ರು ಯಾರಂತಿ?" ಎಂದು ಒಮ್ಮೆ ನನ್ನನ್ನು ಕೇಳಿದರು. "ಕಣ್ಣು ಮನಿ ಒಳಗ ಹುಡಕಾಡ್ತಿದ್ರ ಕಾಲು ಹೊಸ್ತಿಲ ಮ್ಯಾಲೆ ಬೀಳ್ತದ. ಓಟು ಕೇಳಾಕ ಬಂದಾವ್ರದೂ ಹಂಗs."

ಬಾಗಿಲ ಚೌಕಟ್ಟಿನಲ್ಲಿ ಮೊಣಕಾಲೆತ್ತರಕ್ಕೆ ಕಣ್ಣಿಗೆ ಕಾಣದ ಬೆಳಕಿನ ಗೆರೆ. ಹಲಗೆಯ ಕೆಳಗೆ ಪಟ್ಟಿ. ಗೆರೆ ಕಡಿದು ಪಟ್ಟಿ ಒತ್ತದಿದ್ದರೆ ಯಂತ್ರ ಸುಮ್ಮನಿರುತ್ತದೆ. ಎರಡೂ ಒಟ್ಟಿಗೆ ಆದರೆ ಅಡುಗೆಮನೆಯಲ್ಲಿ ಒಂದು ಕೆಂಪು ದೀಪ. ಪಾಪದ ಅತಿಥಿ ಯಾರಾದರೂ ಎಡವಿ ತುಳಿದಿದ್ದರೆ ಅರ್ಧ ನಿಮಿಷದೊಳಗೆ ಗುಂಡಿ ಒತ್ತಬೇಕು, ದೀಪ ಆರುತ್ತದೆ. ಒತ್ತದಿದ್ದರೆ ಎದುರು ಮನೆಯಲ್ಲಿ ಕೂಡಿಸಿದ ಭೋಂಗಾ, ಅಂದರೆ ಸೈರನ್, ಕೂಗುತ್ತದೆ.

ಮೊದಲ ಮಳೆಗಾಲದಲ್ಲಿ ಅದು ನಮ್ಮ ಮಾನ ತೆಗೆದಿತ್ತು. ತಂತಿಗಳ ಗಂಟಿದ್ದ ಪ್ಲಾಸ್ಟಿಕ್ ಡಬ್ಬಿಗೆ ಥಂಡಿ ಇಳಿದು, ಯಾರೂ ಬಾರದೆಯೇ ದೀಪ ಹತ್ತಿತ್ತು, ದಿನಕ್ಕೆ ಹತ್ತು ಸಲ. ಆಗ ನಾನೂ ವೈನಿಯೂ ಖಾನಾಪುರಕ್ಕೆ ಅವರ ಕಾಕಾನ ಮಡಕೆ ಸುಡುವ ಆವಿಗೆಯ ಬಳಿ ಹೋಗಿ ಕುಳಿತಿದ್ದೆವು. ಕಾಕಾ ಆ ಡಬ್ಬಿಯನ್ನು ಅಂಗೈಯಲ್ಲಿ ತೂಗಿ ನಕ್ಕಿದ್ದರು.

"ಅಗಂ ಮಗಳ, ಜಾಂಬೋಟಿ ಮಳ್ಯಾಗ ಮನಿ ಮ್ಯಾಲಿನ ನಮ್ಮ ಕೌಲು ಎಷ್ಟು ವರ್ಷ ನಿಂತಾವ? ಇದು ಎಷ್ಟು ದಿವ್ಸ ನಿಂತೈತಿ? ಮಣ್ಣಿನ ಹತ್ರ ಬರೂದು ಬಿಟ್ಟು ಅಂಗಡೀಗೆ ಯಾಕ ಹೋದಿ?"

ಅವರು ಸುಟ್ಟುಕೊಟ್ಟ ಮೆರುಗಿನ ಮಣ್ಣಿನ ಡಬ್ಬಿ ಕೂಡಿಸಿದ ಮೇಲೆ ಸುಳ್ಳು ದೀಪ ಒಂದು ಸಲವೂ ಹತ್ತಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಆ ಗುಂಡಿಗೆ ಕೈ ಚಾಚಿದೆ.

ವಿಚಾರಣೆಗೆ ಎರಡು ವಾರ ಇತ್ತು. ಮಧ್ಯಾಹ್ನ ಮೂರು ಗಂಟೆ, ಜಿಟಿಜಿಟಿ ಮಳೆ. ಅಣ್ಣ ಫೌಂಡ್ರಿಯಲ್ಲಿ ಕೆಲಸಕ್ಕೆ, ವೈನಿ ಇನ್ನೆರಡು ಮಣ್ಣಿನ ಡಬ್ಬಿ ತರಲು ಖಾನಾಪುರಕ್ಕೆ. ಅವ್ವ ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಬಾಗಿಲ ಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ನೀಲಿ ಅಂಗಿ, ಟೋಪಿ, ಕೊರಳಲ್ಲಿ ಫೋಟೋ ಇದ್ದ ಕಾರ್ಡು, ಹೆಗಲಲ್ಲಿ ಚೀಲ.

"ಗ್ಯಾಸ್ ಪೈಪ್ ಚೆಕ್ ಮಾಡೂದೈತ್ರಿ ಮ್ಯಾಡಮ್. ಈ ಲೈನಿನ್ಯಾಗ ಲೀಕೇಜ್ ಐತಿ ಅಂತ ಕಂಪ್ಲೇಂಟ್ ಬಂದೈತಿ."

ನಾನು ಕಾರ್ಡಿನ ಫೋಟೋ ನೋಡಿದೆ, ಮುಖ ನೋಡಿದೆ. ಎರಡೂ ಒಂದೇ. ಎರಡು ಡಿಗ್ರಿ ಪಡೆದ ನನಗೆ ಅಷ್ಟು ಸಾಕಾಯಿತು. ಕಾರ್ಡು ಕೊಟ್ಟವರು ಯಾರು ಎಂದು ಓದಲಿಲ್ಲ. "ಬರ್ರಿ" ಎಂದೆ. ಅವನು ನನ್ನ ಭುಜದ ಮೇಲಿಂದ ಒಳಗೆ ನೋಡುತ್ತ ಬಂದ.

ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಾನು ಅಡುಗೆಮನೆಗೆ ಬಂದಾಗ ಕೆಂಪು ದೀಪ ಹತ್ತಿತ್ತು. ನನಗಾದದ್ದು ಭಯವಲ್ಲ, ನಾಚಿಕೆ. ಇನ್ನು ಭೋಂಗಾ ಕೂಗುತ್ತದೆ, ಕೆಲಸಕ್ಕೆ ಬಂದ ಮನುಷ್ಯನನ್ನು ಕಳ್ಳನೆಂದು ತಿಳಿದಂತಾಗುತ್ತದೆ, ಓಣಿಯವರೆಲ್ಲ ಓಡಿ ಬರುತ್ತಾರೆ, ಅವನ ಮುಂದೆ ನಾನು ಏನು ಹೇಳಲಿ? ಮನೆಗೆ ಬಂದವರಿಗೆ ಮುಜುಗರವಾಗಬಾರದು ಎಂದು ಕಲಿತು ಬೆಳೆದವಳು. ಕೈ ಎತ್ತಿದೆ. ಬೆರಳು ಗುಂಡಿಯ ಕಡೆ ಹೊರಟಿತು.

ಅವ್ವ ನನ್ನ ಮಣಿಕಟ್ಟು ಹಿಡಿದಳು. ಬಳೆ ಚರ್ಮಕ್ಕೆ ಒತ್ತುವಷ್ಟು ಬಿಗಿಯಾಗಿ.

"ತುಳದ ಬಂದಾನ," ಎಂದಳು, ಉಸಿರಿನಲ್ಲಿ. "ಬಿಡು. ಒದರ್ಲಿ."

ಅದೇ ಹೊತ್ತಿಗೆ ಹೊರಕೋಣೆಯಲ್ಲಿ ಆ ಸದ್ದು ಕೇಳಿಸಿತು. ಮುಂಬಾಗಿಲ ಚಿಲಕದ ಕಡಿ ಒಳಗಿನಿಂದ ಬಿದ್ದ ಸದ್ದು. ಪೈಪು ನೋಡಲು ಬಂದವನು ಮನೆಯ ಬಾಗಿಲು ಯಾಕೆ ಹಾಕುತ್ತಾನೆ? ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಾಗ ಕೈಯಲ್ಲಿ ಪೈಪು ಬಿಗಿಯುವ ಪಾನಾ ಇರಲಿಲ್ಲ, ಉದ್ದನೆಯ ಚೂರಿ ಇತ್ತು.

"ಒದರಬ್ಯಾಡ್ರಿ. ಕೊಳ್ಳಾಗಿಂದು, ಕೈಯಾಗಿಂದು ತಗೀರಿ."

ಅರ್ಧ ನಿಮಿಷದಲ್ಲಿ ಎಷ್ಟು ಕಳೆದಿತ್ತೋ ತಿಳಿಯದು. ದೀಪ ಬಾಗಿಲ ಪಕ್ಕದ ಗೋಡೆಗಿತ್ತು, ಅವನ ಬೆನ್ನಿಗೆ. ಅವ್ವ ಮೆಲ್ಲಗೆ ಕೊರಳಿನ ಸರದ ಕೊಂಡಿ ಹುಡುಕತೊಡಗಿದಳು. ದಿನಾ ಕಣ್ಣು ಮುಚ್ಚಿ ಬಿಚ್ಚುವ ಕೊಂಡಿ ಅದು, ಈಗ ಸಿಗುತ್ತಲೇ ಇರಲಿಲ್ಲ. "ಇದು ಬಿಗಿ ಐತೋ ಯಪ್ಪಾ, ವಯಸ್ಸಾತು, ಬೆರಳ ಓಡಂಗಿಲ್ಲ," ಎಂದು ಗೊಣಗಿದಳು. ಬಾಣಲೆಯಲ್ಲಿ ಶೇಂಗಾ ಕರಕಲಾಗುವ ವಾಸನೆ. ಅವನು ಒಂದು ಹೆಜ್ಜೆ ಮುಂದಿಟ್ಟ. ಚೂರಿಯ ಮೊನೆ ಅವ್ವನ ಸೆರಗಿನಿಂದ ಒಂದು ಮೊಳ ದೂರದಲ್ಲಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಈಗಲೂ ನೋಡುತ್ತೇನೆ.

ಆಮೇಲೆ ಎದುರು ಮನೆಯಲ್ಲಿ ಭೋಂಗಾ ಕೂಗಿತು.

ಅಷ್ಟು ಸುಂದರವಾದ ಸದ್ದನ್ನು ನಾನು ಬದುಕಿನಲ್ಲಿ ಕೇಳಿಲ್ಲ. ಎದುರು ಮನೆಯವರು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಅವರ ದನಿಯೇ ಇನ್ನೊಂದು ಭೋಂಗಾ. "ಯಾಂವಲೇ ಅಂವಾ!" ಎಂದು ಒದರುತ್ತ ಬಂದು ಮುಂಬಾಗಿಲು ಗುದ್ದತೊಡಗಿದರು. ಕಳ್ಳ ಹಿತ್ತಲ ಕಡೆ ಓಡಿದ. ಹಿತ್ತಲಲ್ಲಿ ಪಾತ್ರೆ ತಿಕ್ಕುವ ಕಲ್ಲು ಮಳೆಗೆ ಪಾಚಿ ಕಟ್ಟಿತ್ತು. ಅವನ ಕಾಲು ಅಲ್ಲೂ ಕಣ್ಣಿದ್ದ ಕಡೆ ಬೀಳಲಿಲ್ಲ, ಜಾರಿಬಿದ್ದ. ಅವನು ಎದ್ದು ಕೂರುವಷ್ಟರಲ್ಲಿ ಡ್ರೈವರ್ ಕಾಕಾರ ಹೆಂಡತಿ ಕಾಕು ಮತ್ತು ಪಕ್ಕದ ಮನೆಯ ಇಬ್ಬರು ಹೆಂಗಸರು ಅವನ ಮೇಲೆ ಒದ್ದೆ ಕೌದಿ ಒಗೆದು ಕುಳಿತುಬಿಟ್ಟಿದ್ದರು. ಪೊಲೀಸರು ಬಂದಾಗ ಕಾಕು, "ಏಳೂದಿಲ್ಲ, ಮೊದ್ಲ ಬೇಡಿ ಹಾಕ್ರಿ," ಎಂದು ಹಟ ಹಿಡಿದರಂತೆ. ಆ ನಗುವಿಗೆ ನಾನಿರಲಿಲ್ಲ. ನಾನು ಅಡುಗೆಮನೆಯ ನೆಲದ ಮೇಲೆ ಕುಳಿತು ನನ್ನ ಬೆರಳು ಹಿಡಿದುಕೊಂಡಿದ್ದೆ.

ಸಂಜೆ ವೈನಿ ಬಂದರು. ಭೋಂಗಾ ಕೂಗಿದಾಗಲೇ ಯಂತ್ರದಿಂದ ಅವರ ಫೋನಿಗೂ ಸಂದೇಶ ಹೋಗಿತ್ತು. ಸಿಕ್ಕ ಗಾಡಿ ಹತ್ತಿ ಬಂದಿದ್ದರು. ಮಡಿಲಲ್ಲಿ ಹುಲ್ಲು ಸುತ್ತಿದ ಎರಡು ಮಣ್ಣಿನ ಡಬ್ಬಿ. ನಾನು ಎಲ್ಲ ಹೇಳಿ, ಗುಂಡಿಯ ಮಾತನ್ನೂ ಹೇಳಿ ಅತ್ತೆ.

"ಒತ್ತೇ ಬಿಡ್ತಿದ್ದೆ ವೈನಿ. ನಿಮ್ಮ ನಾಕು ವರ್ಷದ ಕೆಲಸಾ, ಅವ್ವನ ಜೀವಾ, ಎಲ್ಲಾ ನನ್ನ ಬೆರಳಿನ್ಯಾಗಿತ್ತು."

ವೈನಿ ನನ್ನನ್ನು ಸಮಾಧಾನ ಮಾಡಲಿಲ್ಲ. ಗೋಡೆಯ ಗುಂಡಿಯನ್ನೇ ನೋಡುತ್ತ ನಿಂತರು. "ತಪ್ಪು ನಿಂದಲ್ಲ ತಂಗಿ, ನಂದು," ಎಂದರು. "ಬಂದಾವ್ರ ಮುಂದ ಮರ್ಯಾದಿಗೆ ಅಂಜಿ ಕೈ ಹೋಗೂ ಜಾಗಾದಾಗ ಗುಂಡಿ ಇಟ್ಟಾಕಿ ನಾನು."

"ದೇವರ ಖೋಲ್ಯಾಗ ಇಡವಾ," ಎಂದಳು ಅವ್ವ, ಕರಕಲು ಶೇಂಗಾ ಆರಿಸುತ್ತ. "ಅಲ್ಲೀತನಾ ನಡದ ಹೋಗೂದ್ರಾಗ ಇಂಥಾ ಶಾಣ್ಯಾವ್ರಿಗೂ ಬುದ್ಧಿ ಬರ್ತದ. ಮತ್ತ ಹೋಗಿ ಒಬ್ಬರು ಒತ್ತಿದ್ರ ಸಾಲಂಗಿಲ್ಲ. ಮನ್ಯಾಗ ಇಬ್ಬರಿದ್ರ ಇಬ್ಬರೂ ಒತ್ತಬೇಕು. ಒಬ್ಬಾಕಿ ಅಂಜಿದ್ರೂ ಇನ್ನೊಬ್ಬಾಕಿ ಬ್ಯಾಡ ಅನ್ನಾಕ ಬರ್ತದ."

ವೈನಿ ಅವ್ವನ ಕಡೆ ತಿರುಗಿದರು. ಆ ನೋಟ ನನಗೆ ಗೊತ್ತು. ಹಾಳಾದ ರೇಡಿಯೋ ತಟ್ಟನೆ ಹಾಡಿದಾಗ ನೋಡುವ ನೋಟ. ಬ್ಯಾಗು ಇಳಿಸುವ ಮೊದಲೇ ವಹಿ ತೆಗೆದು ಬರೆದುಕೊಂಡರು.

ವಿಚಾರಣೆ ಕಂಪ್ಯೂಟರಿನ ಪರದೆಯ ಮೇಲೆ ನಡೆಯಿತು. ವೈನಿ ಇಳಕಲ್ ಸೀರೆ ಉಟ್ಟು ಕುಳಿತರು, ಪಕ್ಕದಲ್ಲಿ ನಾನು. ಅಧಿಕಾರಿ ಮೆಲುದನಿಯ ಮನುಷ್ಯ, ನೇರವಾಗಿ ವಿಷಯಕ್ಕೆ ಬಂದರು: ಚಾಪೆ ತುಳಿದರೂ ಕೂಗುತ್ತದೆ, ಹೊಸ್ತಿಲು ತುಳಿದರೂ ಕೂಗುತ್ತದೆ, ಹೊಸತೇನು?

ಉತ್ತರವನ್ನು ನಾನು ಮೂರು ಪುಟ ಬರೆದುಕೊಟ್ಟಿದ್ದೆ. ವೈನಿ ಅದನ್ನು ಮಗುಚಿಟ್ಟು ತಮ್ಮ ತುಂಡು ತುಂಡು ಇಂಗ್ಲಿಷಿನಲ್ಲಿ ಹೇಳಿದರು. ಚಾಪೆ ಎಲ್ಲರಿಗೂ ಕೂಗುತ್ತದೆ. ಮನೆಯವರಿಗೂ ಕೂಗುತ್ತದೆ. ಅದಕ್ಕೇ ಮನೆಯವರು ಹಗಲು ಅದನ್ನು ಬಂದ್ ಮಾಡಿಡುತ್ತಾರೆ. ಕಳ್ಳ ಹಗಲು ಬರುತ್ತಾನೆ. ನನ್ನದನ್ನು ಬಂದ್ ಮಾಡುವ ಅಗತ್ಯವೇ ಇಲ್ಲ, ಯಾಕೆಂದರೆ ಮನೆಯವರಿಗೆ ಅದು ಕೂಗುವುದೇ ಇಲ್ಲ. ನಾನು ಮಾಡಿದ್ದು ಕೂಗುವ ಯಂತ್ರವಲ್ಲ, ಸುಮ್ಮನಿರಲು ಬಲ್ಲ ಯಂತ್ರ.

ಪರದೆಯ ಆಚೆ ಪುಟ ಮಗುಚುವ ಸದ್ದು. ಆಮೇಲೆ ಅಧಿಕಾರಿ, ಎಚ್ಚರಿಕೆಯಿಂದ ಕಾಲೆತ್ತಿ ಬರುವ ಕಳ್ಳನ ಕತೆ ಏನು ಎಂದರು. ಅವನು ತಪ್ಪಿಸಿಕೊಳ್ಳುತ್ತಾನೆ, ಎಲ್ಲರನ್ನೂ ಹಿಡಿಯುತ್ತೇನೆಂದು ನಾನು ಎಲ್ಲೂ ಬರೆದಿಲ್ಲ ಎಂದರು ವೈನಿ. ನನಗೆ ತಡೆಯಲಾಗಲಿಲ್ಲ, ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಲು ಬಾಯಿ ತೆರೆದೆ. ಮೇಜಿನ ಕೆಳಗೆ ವೈನಿಯ ಕೈ ನನ್ನ ಮೊಣಕಾಲನ್ನು ಒತ್ತಿತು. ಬದಲಿಗೆ ಅವರು ಮೂರು ಮನೆಗಳಲ್ಲಿ ತಿಂಗಳುಗಟ್ಟಲೆ ನಡೆಸಿದ ಪರೀಕ್ಷೆಯ ವಿವರ ತೋರಿಸಿದರು. ಕೊನೆಗೆ ಅಧಿಕಾರಿ, ಅರ್ಜಿಯ ಮೊದಲ ಹಕ್ಕಿನ ಸಾಲನ್ನು, ಅಂದರೆ ಮೊದಲ ಕ್ಲೇಮನ್ನು, ಬೆಳಕಿನ ಗೆರೆ ಮತ್ತು ಪಟ್ಟಿ ಎರಡೂ ಕೂಡಿದ್ದಕ್ಕೆ ಮಾತ್ರ ಕಿರಿದುಗೊಳಿಸಲು ಒಪ್ಪುತ್ತೀರಾ ಎಂದರು. "ಯೆಸ್ ಸರ್," ಎಂದರು ವೈನಿ, ನನ್ನ ಕಡೆ ನೋಡದೆ.

ಪರದೆ ಆರಿದ ಮೇಲೆ ಕೇಳಿದೆ: "ಕಳ್ಳನ್ನ ಹಿಡದದ್ದು ಯಾಕ ಹೇಳಲಿಲ್ರಿ?"

"ಕನಿಕರಕ್ಕ ಕೊಟ್ರು ಅಂತ ಆಗಬಾರ್ದು. ಮಶೀನ್ ಖರೇನ ಛಲೋ ಐತಿ ಅಂತ ಕೊಡಬೇಕು."

ಹಾಗೆಯೇ ಕೊಟ್ಟರು. ಪೇಟೆಂಟ್ ಮಂಜೂರಾದ ಸುದ್ದಿ ಬಂದಾಗ ನಾನು ಖಾನಾಪುರದಿಂದ ಹೊರಟ ರೈಲಿನಲ್ಲಿದ್ದೆ. ಫೋನಿನಲ್ಲಿ ವೈನಿ ಮಾತಾಡಲಿಲ್ಲ, ಡ್ರೈವರ್ ಕಾಕಾರ ಮನೆಯ ಭೋಂಗಾ ಒತ್ತಿ ಕೇಳಿಸಿದರು. ಬೋಗಿಯಲ್ಲಿ ಕುಳಿತವರೆಲ್ಲ ನನ್ನ ಕಡೆ ತಿರುಗಿದರು. ಸದ್ದು ಕೇಳಿ ಕ್ಷಣ ಹೊತ್ತು ಚೂರಿ ಕಂಡಿತು. ಆದರೆ ನಾನು ನಗುತ್ತಿದ್ದೆ, ಕಣ್ಣು ಒರೆಸಿಕೊಳ್ಳುತ್ತಲೇ. ಮನೆ ಮುಟ್ಟುವಷ್ಟರಲ್ಲಿ ಓಣಿಗೆಲ್ಲ ಕುಂದಾ ಹಂಚಿಯಾಗಿತ್ತು. ಒದ್ದೆ ಕೌದಿಯ ಕಾಕು ಎರಡು ಸಲ ತಿಂದರೆಂದು ಅವ್ವ ದೂರಿದಳು.

ಮೊನ್ನೆ ನಾಲ್ಕನೆಯ ಅರ್ಜಿ ಸಿದ್ಧವಾಯಿತು. ಇಬ್ಬರು ಒತ್ತಿದರೆ ಮಾತ್ರ ಆರುವ ಗುಂಡಿ. ಸಂಶೋಧಕರ ಜಾಗದಲ್ಲಿ ಈ ಸಲ ಎರಡು ಹೆಸರು. ವೈನಿ ಕಾಗದವನ್ನು ಅಡುಗೆ ಕಟ್ಟೆಯ ಅವ್ವನ ಅರ್ಧಕ್ಕೆ ಸರಿಸಿದರು.

"ನಾ ಏನ ಮಾಡೀನವಾ? ಒಂದು ಮಾತು ಅಂದೀನಿ, ಅಷ್ಟs."

"ಆ ಮಾತಿಗೇ ಪೇಟೆಂಟ್ ಅಂತಾರ್ರಿ ಅತ್ಯಾರ. ಸಹಿ ಮಾಡ್ರಿ."

ಅವ್ವ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕನ್ನಡಕ ಬೇಡಿದಳು. ನನ್ನ ಮಣಿಕಟ್ಟು ಹಿಡಿದ ಅದೇ ಕೈಯಲ್ಲಿ ಪೆನ್ನು ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಕೊನೆಯ ಅಕ್ಷರ ಮುಗಿಸಿ ತಲೆ ಎತ್ತಿ, ಗೋಡೆಯ ಮೇಲಿನ ಮೂರು ಚೌಕಟ್ಟುಗಳ ಪಕ್ಕ ಖಾಲಿ ಉಳಿದಿದ್ದ ಜಾಗ ನೋಡಿದಳು.

"ಮಸಾಲಿ ಡಬ್ಬಿ ಒಂದೀಟು ಬಾಜೂಕ ಸರಸು," ಎಂದಳು ನನಗೆ. "ನಂದು ಅಲ್ಲಿ ಬರ್ತೈತಿ."