ಒಂದು ಹನಿಯ ಬೆನ್ನು ಹತ್ತಿದ ಭಾವ

ನಮ್ಮ ಭಾವನ ಎಡಗೆನ್ನೆಯ ಮೇಲೆ ಸಾಲಾಗಿ ರಿವೆಟ್ಟುಗಳ ಅಚ್ಚು ಬಿದ್ದಿರುತ್ತಿತ್ತು. ಮನೆ ಮುಂದೆ ನಿಂತಿದ್ದ ಟ್ರೇಲರಿನ ತಗಡಿಗೆ ಕಿವಿ ಒತ್ತಿ, ಬೆರಳಿನ ಗೆಣ್ಣಿನಿಂದ ತಟ್ಟುತ್ತಾ, ಒಳಗಿನ ಪ್ಲೈವುಡ್ ಎಲ್ಲಿ ಟಣ್ ಅನ್ನುತ್ತದೆ, ಎಲ್ಲಿ ದಬ್ ಅನ್ನುತ್ತದೆ ಎಂದು ಕೇಳಿಸಿಕೊಳ್ಳುತ್ತಿದ್ದರು. ದಬ್ ಅಂದರೆ ಅಲ್ಲಿ ನೀರು ಕುಡಿದಿದೆ ಎಂದರ್ಥ. ಊಟಕ್ಕೆ ಕೂತಾಗಲೂ ಆ ಅಚ್ಚು ಮಾಸಿರುತ್ತಿರಲಿಲ್ಲ.

"ಯಾವತ್ತಾದ್ರೂ ನಮ್ಮಕ್ಕನ ಕೆನ್ನೆಗೆ ಇಷ್ಟು ಹೊತ್ತು ಕೆನ್ನೆ ಒತ್ತಿದೀರಾ ಭಾವ?" ಎಂದು ನಾನು ಕೇಳಿದರೆ ಅವರು ತಲೆ ಬಗ್ಗಿಸಿ ಸಾರು ಕಲಸುತ್ತಿದ್ದರು. ಅಕ್ಕನಿಗೆ ನಗು ಬಂದು, ನಗುವಿನ ಹಿಂದೆಯೇ ಕೆಮ್ಮು ಹತ್ತುತ್ತಿತ್ತು.

ಆ ಕೆಮ್ಮಿನಿಂದಲೇ ಆ ಟ್ರೇಲರ್ ಮನೆಗೆ ಬಂದದ್ದು. ಅಕ್ಕನ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದು, ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡೇ ಇರಬೇಕಾಗಿತ್ತು. ಬಸ್ಸು, ರೈಲು ಯಾವುದೂ ಸಾಧ್ಯವಿರಲಿಲ್ಲ. ವಿಮಾನಪುರದ ಮನೆಯ ಕೋಣೆಯಲ್ಲಿ ಮಲಗಿ ಒಂದು ದಿನ ಅಂದಳು: "ರೀ, ಈ ಫ್ಯಾನಿನ ರೆಕ್ಕೆ ನೋಡ್ಕೊಂಡೇ ಸಾಯ್ಬೇಕಾ ನಾನು? ಒಂದ್ ರಾತ್ರಿ ಕಾವೇರಿ ದಡದಲ್ಲಿ ಮಲಗ್ಸಿ. ಆಮೇಲೆ ಎಲ್ಲಿಗ್ ಬೇಕಾದ್ರೂ ಹೊತ್ಕೊಂಡು ಹೋಗಿ."

ಭಾವ ಕೆ.ಆರ್. ಪುರದ ಗುಜರಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಟ್ರೇಲರ್ ಒಂದನ್ನು ತಮ್ಮ ಹಳೇ ಜೀಪಿನ ಹಿಂದೆ ಕಟ್ಟಿ ಎಳೆದು ತಂದರು. ಒಳಗೆ ಒಂದು ಮಂಚ, ಒಂದು ಸಿಂಕು, ಮೂಲೆಯಲ್ಲಿ ಕಕ್ಕಸು. ನನ್ನ ಕಣ್ಣಿಗೆ ಚಕ್ರ ಕಟ್ಟಿದ ಬೀರುವಿನ ಹಾಗೆ ಕಂಡಿತು. ಅಕ್ಕನಿಗೆ ಮಾತ್ರ ಅರಮನೆ. ಹಾಸಿಗೆಗೆ ಯಾವ ಬಣ್ಣದ ಹೊದಿಕೆ ಎಂದು ಕಮರ್ಷಿಯಲ್ ಸ್ಟ್ರೀಟಿಗೆ ನನ್ನನ್ನು ಎರಡು ಸಲ ಓಡಿಸಿದಳು.

ಮೊದಲ ಮಳೆಗೇ ದಿಂಬಿನ ಮೇಲಿನ ಮೂಲೆ ಒದ್ದೆಯಾಯಿತು. ಶೀತ, ಬೂಷ್ಟು ಎರಡೂ ಅಕ್ಕನಿಗೆ ವಿಷ ಎಂದು ಡಾಕ್ಟರು ಹೇಳಿದ್ದರು. "ಇದು ಒಣಗೋವರೆಗೂ ಅವಳನ್ನ ಇದ್ರಲ್ಲಿ ರಾತ್ರಿ ಮಲಗ್ಸಲ್ಲ," ಎಂದರು ಭಾವ.

ಅವರು ದುಡಿಮೆಯ ಕಾಲವನ್ನೆಲ್ಲ ವಿಮಾನದ ತಗಡು ಜೋಡಿಸುವುದರಲ್ಲಿ ಕಳೆದವರು. "ನೀರು ಕಾಣೋ ಜಾಗದಲ್ಲಿ ನುಗ್ಗಿರಲ್ಲ ಕಣಮ್ಮ. ಎಲ್ಲೋ ನುಗ್ಗಿ, ಗೋಡೆ ಒಳಗೇ ನಡ್ಕೊಂಡ್ ಬಂದು, ಇನ್ನೆಲ್ಲೋ ಮುಖ ತೋರ್ಸುತ್ತೆ," ಅನ್ನುತ್ತಿದ್ದರು. ಅದಕ್ಕೇ ಸೋರುವ ಜಾಗ ಹುಡುಕಲು ಪೈಪಿನ ನೀರನ್ನು ಕೆಳಗಿನಿಂದ ಶುರುಮಾಡಬೇಕು. ಮೊದಲು ಚಕ್ರದ ಮೇಲೆ, ಆಮೇಲೆ ಕಿಟಕಿ, ಕೊನೆಗೆ ಸೂರು. ಮೇಲಿಂದ ಸುರಿದರೆ ಎಲ್ಲವೂ ಒದ್ದೆಯಾಗಿ ಕಳ್ಳ ಸಿಗುವುದಿಲ್ಲ. ಇನ್ನೊಂದು ನಿಯಮವೂ ಇತ್ತು. ಕೆಲಸ ಮಾಡಿದವನೇ ಅದನ್ನು ಪಾಸ್ ಮಾಡಬಾರದು, ಬೇರೆ ಕಣ್ಣು ನೋಡಬೇಕು. ಆ ಕಣ್ಣು ಅಕ್ಕನದು. ಹಗಲು ಹೊತ್ತಿನಲ್ಲಿ ಅವಳನ್ನು ಎತ್ತಿಕೊಂಡು ಹೋಗಿ ಮಂಚದ ಮೇಲೆ ಮಲಗಿಸಿ, ಕೈಗೆ ಟಾರ್ಚು ಕೊಟ್ಟು, ತಾವು ಹೊರಗೆ ನೀರು ಬಿಡುತ್ತಿದ್ದರು.

"ಫೇಲ್!" ಎಂದು ಅಕ್ಕ ಮೊದಮೊದಲು ಖುಷಿಯಿಂದಲೇ ಕೂಗುತ್ತಿದ್ದಳು. ಭಾವ ಕಿಟಕಿ ಬಿಚ್ಚಿದರು, ಹಳೇ ಸಿಲಿಕಾನ್ ಅಂಟು ಕೆರೆದು ಹೊಸದು ತುಂಬಿದರು. ಫೇಲ್. ಸೂರಿನ ಗಾಳಿಗಿಂಡಿ ಬಿಚ್ಚಿದರು. ಫೇಲ್. ಆ ಮಳೆಗಾಲ ಮುಗಿದು ಇನ್ನೊಂದು ಬಂತು. ಅಕ್ಕನ ಬಳೆಗಳು ಮೊಣಕೈವರೆಗೆ ಜಾರುವಂತಾದವು.

"ಹನಿ ಬಿದ್ರೆ ಬಟ್ಟಲು ಇಟ್ಕೋತೀನಿ. ಹೋಗೋಣ ರೀ."

"ಹಾಗೆಲ್ಲ ಬಿಡಕ್ಕಾಗಲ್ಲ ಕಣೇ."

"ನಾನೇನು ಇದನ್ನ ಹಾರಿಸ್ತೀನಾ?"

"ನಿನ್ನ ಉಸಿರಿಗೆ ಆಗಲ್ಲ."

"ನನ್ನ ಉಸಿರು ನಿಮಗೋಸ್ಕರ ಕಾಯಲ್ಲ ರೀ."

ಭಾವ ಏಣಿ ತೆಗೆದುಕೊಂಡು ಹೊರಗೆ ಹೋದರು.

ಗಣೇಶನ ಹಬ್ಬ ಕಳೆದ ಮೇಲೆ ಮತ್ತೆ ಪರೀಕ್ಷೆ ನಡೆಯಿತು. ನಾನು ಅಕ್ಕನ ಪಕ್ಕದಲ್ಲಿದ್ದೆ. ನೀರಿನ ಸದ್ದು ಸೂರಿಗೆ ಏರಿದ ಸ್ವಲ್ಪ ಹೊತ್ತಿಗೆ ಅದೇ ಮೂಲೆಯಲ್ಲಿ ಒಂದು ಹನಿ ಮೂಡಿ ಹೊಳೆಯಿತು. ಇಬ್ಬರೂ ನೋಡಿದೆವು. ಅಕ್ಕ ಮೆಲ್ಲಗೆ ಕೈ ಎತ್ತಿ ಅಂಗೈಯನ್ನು ಅದರ ಮೇಲೆ ಒತ್ತಿ, ನನ್ನ ಕಡೆ ಕಣ್ಣು ಬಿಟ್ಟಳು. ಚಿಕ್ಕಂದಿನಲ್ಲಿ ಬೆಲ್ಲ ಕದ್ದಾಗ ಹೀಗೇ ಬಿಡುತ್ತಿದ್ದಳು.

"ಏನೇ?" ಹೊರಗಿನಿಂದ ಭಾವ.

"ಪಾಸ್!"

ಭಾವ ಒಳಗೆ ಬಂದು, ಅವಳ ಅದೇ ಕೈ ಹಿಡಿದು ಎಬ್ಬಿಸಿದರು. ಹಿಡಿದವರು ಬಿಡದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಮ್ಮ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಪಾಸ್ ಅಂದ್ರೆ ಪಾಸ್. ನಾಳೆ ಹೊರಡೋಣ," ಎಂದರು.

ಆ ರಾತ್ರಿ ದಾರಿಗೆಂದು ನಾನು ಪುಳಿಯೋಗರೆಗೆ ಗೊಜ್ಜು ಕುದಿಸುತ್ತಿದ್ದಾಗ ಅಕ್ಕನ ತುಟಿ ನೀಲಿಯಾಯಿತು. ಆಸ್ಪತ್ರೆಯಿಂದ ಅವಳು ವಾಪಸ್ಸು ಬರಲಿಲ್ಲ. ಕಾವೇರಿಗೆ ಹೋದದ್ದು ಮಡಕೆಯಲ್ಲಿ, ಜೀಪಿನ ಮುಂದಿನ ಸೀಟಿನಲ್ಲಿ. ಟ್ರೇಲರನ್ನು ಭಾವ ಕಟ್ಟಲಿಲ್ಲ.

ತಿಥಿ ಮುಗಿದು ಒಂದಷ್ಟು ದಿನಕ್ಕೆ ಫೋನ್ ಮಾಡಿ ನನ್ನನ್ನು ಕರೆಸಿಕೊಂಡರು. ಟ್ರೇಲರಿನ ಕಿಟಕಿಗಳಿಗೆಲ್ಲ ಟೇಪು ಅಂಟಿಸಿ, ಒಳಕ್ಕೆ ಬ್ಲೋಯರಿನಿಂದ ಗಾಳಿ ತುಂಬುತ್ತಿದ್ದರು. ಹೊರಗೆ ನಾನು ಏಣಿ ಹತ್ತಿ ಬ್ರಶ್ಶಿನಿಂದ ಸೋಪಿನ ನೊರೆ ಬಳಿಯಬೇಕು, ಗಾಳಿ ಸೋರುವಲ್ಲಿ ಗುಳ್ಳೆ ಏಳುತ್ತದಂತೆ. ಈ ವಯಸ್ಸಿಗೆ ಏಣಿ! ಬೈದುಕೊಂಡೇ ಬಳಿದೆ. ನೆತ್ತಿಯ ಪುಟ್ಟ ಕೆಂಪು ದೀಪದ ಪಕ್ಕ, ಒಂದು ಸ್ಕ್ರೂ ಬುಡದಲ್ಲಿ ಗುಳ್ಳೆ ಎದ್ದಿತು. ಒಡೆಯಿತು, ಮತ್ತೆ ಎದ್ದಿತು. ಆ ತೂತಿನಲ್ಲಿ ನುಗ್ಗಿದ ನೀರು ದೀಪದ ವೈರು ಹಿಡಿದು ಗೋಡೆಯೊಳಗೆ ಇಳಿದು ಅಕ್ಕನ ದಿಂಬಿನ ಹತ್ತಿರ ಬರುತ್ತಿತ್ತು.

ಸ್ಕ್ರೂ ತೆಗೆದು, ತೂತು ತುಂಬಿ, ಒಣಗಿಸಿ, ಮಾರನೇ ದಿನ ಭಾವ ಪೈಪು ಹಿಡಿದರು. ಟಾರ್ಚು ಹಿಡಿದು ಅಕ್ಕನ ಜಾಗದಲ್ಲಿ ನಾನು ಮಲಗಿದೆ. ಎಷ್ಟು ಹೊತ್ತು ನೋಡಿದರೂ ಮೂಲೆ ಒಣಗಿಯೇ ಇತ್ತು.

"ಪಾಸ್, ಭಾವ."

ಇಳಿದು ಹೋಗಿ ನೋಡಿದರೆ ಪೈಪಿನ ನೀರು ಅವರ ಚಪ್ಪಲಿಯ ಮೇಲೇ ಸುರಿಯುತ್ತಿತ್ತು.

"ಒಂದ್ ಸ್ಕ್ರೂ ತೂತು ಕಣಮ್ಮ. ಇದಕ್ಕೋಸ್ಕರ ಅವಳನ್ನ ಎರಡು ಮಳೆಗಾಲ ಕಾಯಿಸ್ದೆ," ಎಂದರು. "ಅವತ್ತು ಅವಳ ಕೈ ಒದ್ದೆ ಇತ್ತು. ಗೊತ್ತಾಯ್ತು ನಂಗೆ. ಆ ಸುಳ್ಳನ್ನ ಮೊದಲನೇ ಮಳೆಗೇ ಹೇಳ್ಬಾರ್ದಿತ್ತಾ ಅವಳು?"

ಎಲ್ಲದಕ್ಕೂ ಬಾಯಿ ಕೊಡುವವಳು ನಾನು. ಅವತ್ತು ಹೋಗಿ ನಲ್ಲಿ ನಿಲ್ಲಿಸಿದೆ.

ಮುಂದಿನ ಮಳೆಗಾಲವನ್ನು ಭಾವ ನೋಡಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಏಳಲೇ ಇಲ್ಲ. ಜೂನಿನಲ್ಲಿ ರಾತ್ರಿಯಿಡೀ ಮಳೆ ಹೊಡೆದ ಮರುದಿನ ನಾನು ಹಲಸೂರಿನ ನನ್ನ ಮನೆಯಿಂದ ಬಸ್ಸು ಹಿಡಿದು ಹೋಗಿ, ಟ್ರೇಲರಿನ ಬಾಗಿಲು ತೆಗೆದು ಆ ಮೂಲೆಯನ್ನು ಮುಟ್ಟಿ ನೋಡಿದೆ. ಬೆಚ್ಚಗೆ, ಒಣಗಿ, ಕಾಗದದ ಹಾಗಿತ್ತು. ಹಾಳಾದ್ದು, ಒಂದು ಹನಿ ಇದ್ದಿದ್ದರೆ ಚೆನ್ನಾಗಿತ್ತು.