ಹೇಳು, ಕೇಳಬ್ಯಾಡ ಅಂದಿದ್ದ ನೀಲಕ್ಕ

ಆ ದಿನ ನಳ ಬರುವ ಸರದಿ ನಮ್ಮ ಓಣಿಯದು. ಕೊಡ, ಬಕೆಟ್ಟು, ಕೊನೆಗೆ ಹಾಲಿನ ಪಾತ್ರೆಯವರೆಗೆ ಎಲ್ಲವನ್ನೂ ತುಂಬಿಸಿಟ್ಟು ಚಹಾಕ್ಕೆ ಇಟ್ಟೆ. ಇವರಿಗೆ ಡಬ್ಬಿ, ಅತ್ತೆಗೆ ಬಿಪಿ ಗುಳಿಗೆ, ಮಗಳಿಗೆ ಎರಡು ಜಡೆ. ಜಡೆ ಹಾಕುವಾಗ ಮಗಳು ಎಂದಿನಂತೆ “ಮಮ್ಮಿ, ಬಿಗೀತೈತಿ” ಎಂದಳು. ನಾನೂ ಎಂದಿನಂತೆ “ಸಂಜಿತನಕ ಇರಬೇಕಲ್ಲ” ಎಂದೆ. ಇವರು ಪೇಪರಿನಿಂದ ತಲೆ ಎತ್ತದೆ “ರಾತ್ರಿಗೆ ಎಣ್ಣಿಗಾಯಿ ಮಾಡು” ಎಂದರು. ಒಲೆಯ ಕಟ್ಟೆ ಒರೆಸಿ, ಬಟ್ಟೆ ಹಿಂಡಿ ಹಾಕಿ, ಕಪಾಟಿನಿಂದ ದಾಳಿಂಬೆ ಬಣ್ಣದ ಸೀರೆ ತೆಗೆದು ಉಟ್ಟೆ. ಕೆಲಸಕ್ಕೆ ಅಂಥ ಸೀರೆ ಉಡುವವಳಲ್ಲ ನಾನು. ಆದರೆ ಹುನಗುಂದದಲ್ಲಿ ತೆರೆಯಲಿದ್ದ ಹೊಸ ರೊಟ್ಟಿ ಕೇಂದ್ರದ ಯಜಮಾನಿಕೆ ಯಾರದು ಎಂದು ನೀಲಕ್ಕ ಅಂದು ಎಲ್ಲರ ಮುಂದೆ ಹೇಳುವವರಿದ್ದರು. ಅದು ನನ್ನದೇ ಎಂದು ನನಗೆ ಅವರೇ ಹೇಳಿದ್ದರು.

ನೀಲಕ್ಕನ ಅಂಗೈಗಳಲ್ಲಿ ಗೆರೆಗಳಿರಲಿಲ್ಲ. ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಹುಡುಗಿಯಾಗಿದ್ದಾಗಿನಿಂದ ಜೋಳದ ಹಿಟ್ಟು ಬಡಿದೂ ಬಡಿದೂ ಅವು ನುಣ್ಣಗೆ, ಬೆಳ್ಳಗೆ, ನದಿಯ ಕಲ್ಲಿನಂತೆ ಆಗಿದ್ದವು. “ಜ್ಯೋತಿಷಿ ನನ್ನ ಕೈ ನೋಡಿ ಏನ್ ಹೇಳ್ತಾನವಾ? ಅಲ್ಲಿ ಏನರೆ ಬರದಿದ್ರ ತಾನ? ನಾ ಹೇಳಿದ್ದ ಆಗಬೇಕು” ಎಂದು ನಗುತ್ತಿದ್ದರು. ಎತ್ತರದ ಹೆಂಗಸು. ಸೀರೆಯನ್ನು ಹಿಮ್ಮಡಿಗಿಂತ ಮೇಲಕ್ಕೆ ಕಟ್ಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಣೆಗೆ ವಿಭೂತಿ ಹಚ್ಚಿ ನಿಂತರೆಂದರೆ ಇಳಕಲ್ಲಿನ ನಮ್ಮ ಆ ತಗಡಿನ ಶೆಡ್ಡು ಒಂದು ಕಚೇರಿಯಂತೆ ಕಾಣುತ್ತಿತ್ತು. ಗೋಡೆಗುಂಟ ಸಾಲಾಗಿ ಒಲೆಗಳು, ಒಂದೊಂದು ಒಲೆಗೂ ಒಬ್ಬೊಬ್ಬಾಕೆ. ಬಡಿಯುವ ಸದ್ದು ಎಲ್ಲ ಕಡೆಯಿಂದ ಏಳುವಾಗ ಯಾರ ಕೈ ನಿಂತಿತೆಂದು ನೀಲಕ್ಕನಿಗೆ ತಿರುಗಿ ನೋಡದೆಯೇ ತಿಳಿಯುತ್ತಿತ್ತು.

ನಾನು ಬಾಗಲಕೋಟೆಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನಮಗೆ ಮೆಲ್ಲಗೆ ಮಾತಾಡುವುದನ್ನೂ ಕೈ ಹಿಂದೆ ಕಟ್ಟಿ ನಿಲ್ಲುವುದನ್ನೂ ಬಹಳ ಚೆನ್ನಾಗಿ ಕಲಿಸಿದ್ದರು. ಮದುವೆಯಾಗಿ ಇಳಕಲ್ಲಿಗೆ ಬಂದ ಮೇಲೆ ಆ ವಿದ್ಯೆ ಇನ್ನಷ್ಟು ಗಟ್ಟಿಯಾಯಿತು. ಮಗಳು ಶಾಲೆಗೆ ಹೋಗತೊಡಗಿದ ವರ್ಷ, ಪೊಟ್ಟಣಗಳ ಮೇಲೆ ಇಂಗ್ಲಿಷಿನಲ್ಲಿ ಬರೆಯಲು, ದೂರದ ಊರುಗಳಿಂದ ಬರುವ ಫೋನು ಎತ್ತಲು ಒಬ್ಬರು ಬೇಕೆಂದು ನೀಲಕ್ಕ ಕೇಳಿ ಕಳಿಸಿದಾಗ ಹೋದೆ. ಮೊದಲ ದಿನ ಒಂದು ಆರ್ಡರು ಬಂತು. ನಾನು ಅದನ್ನು ಬರೆದುಕೊಂಡು ಒಲೆಗಳ ಬಳಿ ಹೋಗಿ ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ಮತ್ತೆ ಹೇಳಿದೆ.

“ಏ ಕಾನ್ವೆಂಟ” ಎಂದರು ನೀಲಕ್ಕ, ಆಚೆ ತುದಿಯಿಂದ. ಅಂದಿನಿಂದ ನನಗೆ ಅದೇ ಹೆಸರು. “ನಿನ್ನ ಮಾತು ಎರಡನೇ ಹಂಚು ದಾಟಿ ಬರವಲ್ದು. ಸಿಸ್ಟರ್ ಮುಂದ ನಿಂತಂಗ ನಿಂತೀಯಲ್ಲ. ಕೈ ಮುಂದ ತಗೊ. ಇಲ್ಲಿ ಯಾರೂ ನಿನ್ನ ಉಗುರ ನೋಡೂದಿಲ್ಲ.”

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಅಳು ಬಂದಿತ್ತು. ಆ ವಾರವೆಲ್ಲ ಕೆಲಸ ಮುಗಿದ ಮೇಲೆ ನೀಲಕ್ಕ ಶೆಡ್ಡಿನ ಆ ತುದಿಗೆ ಕುಳಿತು, ಈ ತುದಿಯಿಂದ ನನ್ನ ಹತ್ತಿರ ಆರ್ಡರು ಕೂಗಿಸುತ್ತಿದ್ದರು. “ಕೇಳಲಿಲ್ಲ” ಎನ್ನುತ್ತಿದ್ದರು. “ಹೂಂ, ಈಗ ಸಿಟ್ಟು ಬಂತು. ಈಗ ಕೇಳಾಕ ಹತ್ತೇತಿ.”

ಅವರು ಕೇಂದ್ರ ನಡೆಸುವ ರೀತಿಯೇ ಬೇರೆ. ಪ್ರತಿ ವಾರ ಒಬ್ಬಾಕೆ ಯಜಮಾನಿ. ಆ ವಾರ ಬೀಗದ ಕೈ ಅವಳ ಸೊಂಟದಲ್ಲಿ. ಯಾವ ಗಿರಣಿಗೆ ಜೋಳ ಕಳಿಸಬೇಕು, ಯಾರಿಗೆ ರಜೆ, ಯಾವ ಆರ್ಡರು ಬೇಡ, ಎಲ್ಲ ಅವಳ ಮಾತು. ನೀಲಕ್ಕನೂ ಅವಳನ್ನು ಕೇಳಿಯೇ ಊಟಕ್ಕೆ ಏಳುತ್ತಿದ್ದರು. ಇನ್ನೊಂದು ಕಟ್ಟಳೆ: “ಮನ್ಯಾಗ ಕೇಳಿ ಹೇಳ್ತೇನಿ” ಎಂಬ ಮಾತನ್ನು ಕೇಂದ್ರದೊಳಗೆ ಯಾರೂ ಆಡಬಾರದು. ಆಡಿದವರಿಗೆ ಅಂದು ಗಾಳಿಯಿಲ್ಲದ ಮೂಲೆಯ ಒಲೆ. ಕಸ್ತೂರಿ ಎಂಬಾಕೆ ಒಮ್ಮೆ, ಯಾರೋ “ಇನ್ನೊಂದು ಕಪ್ ಚಹಾ ಬೇಕೇನ” ಎಂದು ಕೇಳಿದ್ದಕ್ಕೂ ರೂಢಿಯ ಮೇಲೆ “ಮನ್ಯಾಗ ಕೇಳಿ...” ಎಂದು ಶುರು ಮಾಡಿ ನಾಲಿಗೆ ಕಚ್ಚಿಕೊಂಡಿದ್ದಳು. “ಹೋಗವಾ ಮೂಲಿಗೆ” ಎಂದರು ನೀಲಕ್ಕ, “ಚಹಾ ಅಲ್ಲೇ ಕಳಸ್ತೇನಿ.”

“ನಮ್ಮ ಯಜಮಾನ್ರನ್ನ ನಾ ಕೇಳಿಲ್ಲ, ಹೇಳೇನಿ” ಎಂದು ಅವರು ತಮ್ಮ ಕತೆ ಹೇಳುತ್ತಿದ್ದರು. ಅವರ ಗಂಡ ಮಗ್ಗದ ಮುಂದೆ ಕೂತರೆ ಏಳದ, ಬಹಳ ಮಾತಿಲ್ಲದ ಮನುಷ್ಯ. ಕೇಂದ್ರ ತೆರೆಯುವ ಹಿಂದಿನ ದಿನ ನೀಲಕ್ಕ ಅವರ ಬಳಿ ಹೋಗಿ, “ನಾಳಿಂದ ಮುಂಜಾನೆ ನಾ ಇರೂದಿಲ್ಲ. ಸಕ್ರಿ ಮ್ಯಾಲಿನ ಡಬ್ಬ್ಯಾಗ ಐತಿ” ಎಂದರಂತೆ. ಅಷ್ಟೇ. “ಹೇಳು, ಕೇಳಬ್ಯಾಡ. ಕೇಳಿದ್ಯೋ, ಅವರು ವಿಚಾರ ಮಾಡಾಕ ಹತ್ತತಾರ. ಗಂಡಸರಿಗೆ ವಿಚಾರ ಮಾಡಾಕ ಹಚ್ಚೂದು ಪಾಪವಾ.”

ನನ್ನ ಯಜಮಾನಿಕೆಯ ಒಂದು ವಾರ ಮೋಡ ಮುಸುಕಿತ್ತು. ಬಾದಾಮಿ ಬನಶಂಕರಿಯ ಒಂದು ಮದುವೆಗೆ ಖಡಕ್ ರೊಟ್ಟಿ ಹೋಗಬೇಕಿತ್ತು. ಅವಸರದಲ್ಲಿ ಯಾರೋ ರೊಟ್ಟಿಗಳ ಬಿಸಿ ಆರುವ ಮೊದಲೇ ಅಡಕಲು ಮಾಡಿ ಬಟ್ಟೆ ಕಟ್ಟಿಬಿಟ್ಟಿದ್ದರು. ಬಿಚ್ಚಿ ನೋಡಿದರೆ ಒಳಗಿನವೆಲ್ಲ ಹಬೆ ಹಿಡಿದು ಮೆತ್ತಗಾಗಿದ್ದವು. ಎತ್ತಿ ಹಿಡಿದರೆ ಒದ್ದೆ ಟವೆಲ್ಲಿನಂತೆ ಬಾಗುತ್ತಿದ್ದವು. ಅಷ್ಟರಲ್ಲಿ ಅಡುಗೆಯ ಗುತ್ತಿಗೆದಾರ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಮತ್ತೆ ಹಂಚಿಗೆ ಹಾಕಿ ಸಣ್ಣ ಉರಿಯಲ್ಲಿ ಗರಿಗರಿ ಮಾಡಿಕೊಡುತ್ತೇವೆ, ಊಟದ ಹೊತ್ತು ಕಳೆದು ಬನ್ನಿ ಎಂದೆ. ಆತ ನನ್ನ ತಲೆಯ ಮೇಲಿಂದ ಒಳಗೆ ನೋಡುತ್ತ, “ಇಲ್ಲಿ ಮಾತಾಡಾಕ ಗಂಡಸರು ಯಾರೂ ಇಲ್ಲೇನ್ರಿ?” ಎಂದ.

ನಾನು ನೀಲಕ್ಕನ ಕಡೆ ನೋಡಿದೆ. ಅವರು ಬೆನ್ನು ಮಾಡಿ ಕುಳಿತು ಹಿಟ್ಟು ಸಾಣಿಸುತ್ತಿದ್ದರು. ಜರಡಿಯ ಸದ್ದು ಒಂದು ಕ್ಷಣವೂ ನಿಲ್ಲಲಿಲ್ಲ.

“ಇಲ್ರಿ” ಎಂದೆ. ನನ್ನ ದನಿ ಶೆಡ್ಡಿನ ಆ ತುದಿಯವರೆಗೆ ಹೋಯಿತು. “ಈ ವಾರ ನಾನ ಇರೂದು. ನನ್ನ ಕೂಡನ ಮಾತಾಡ್ರಿ. ಮೆತ್ತಗಾಗಿದ್ದು ಒಯ್ದ್ರ ನಿಮ್ಮ ಮಾನ ಹೋಗ್ತೈತಿ, ನಮ್ಮದೂ ಹೋಗ್ತೈತಿ. ಕುಂದರ್ರಿ, ಇಲ್ಲಾ ಹೋಗಿ ಬರ್ರಿ.”

ಆತ ಕುಳಿತ. ಸಂಜೆ ನೀಲಕ್ಕನಿಗೆ, “ನೀವು ಒಮ್ಮೆನೂ ತಿರುಗಿ ನೋಡ್ಲಿಲ್ಲಲ್ರಿ” ಎಂದೆ. “ನೋಡಿದ್ರ ಅಂವಾ ನನ್ನ ಕೂಡ ಮಾತಾಡತಿದ್ದ” ಎಂದರು. “ನಿನ್ನ ಮಾತು ಅಲ್ಲೇ ಸಾಯ್ತಿತ್ತು.” ಆ ರಾತ್ರಿ ಎಣ್ಣೆ ಹಚ್ಚಿಕೊಳ್ಳುತ್ತ ಕನ್ನಡಿಯಲ್ಲಿ ನನ್ನ ಮುಖವನ್ನು ನೋಡಿಕೊಂಡದ್ದು ನೆನಪಿದೆ. ಮದುವೆಯ ದಿನವೂ ಅಷ್ಟು ಹೊತ್ತು ನೋಡಿಕೊಂಡಿರಲಿಲ್ಲ.

ಒಂದು ಘಟನೆಯನ್ನು ಮಾತ್ರ ನೀಲಕ್ಕ ಮತ್ತೆಂದೂ ಎತ್ತಲಿಲ್ಲ. ಕಸ್ತೂರಿಯ ಯಜಮಾನಿಕೆಯ ವಾರ ಅವಳ ಮೈದುನ ಬಾಗಿಲಿಗೆ ಬಂದು, ಮನೆಯ ಕೆಲಸ ಬಿಟ್ಟು ಇಲ್ಲಿ ಯಾರಿಗೆ ಹುಕುಂ ಮಾಡುತ್ತಿದ್ದೀ ಎಂದು ಕೂಗಾಡಿದ. ನೀಲಕ್ಕ ಎದ್ದು ಹೋಗಿ, “ಒಳಗ ಬರೂದಿದ್ರ ಕೈ ತೊಳಕೊಂಡು ಬಾರಪಾ. ಹಿಟ್ಟು ನಾದಾಕ ಒಬ್ಬರು ಕಡಿಮಿ ಅದಾರ” ಎಂದರು. ಆತ ಹೊರಟುಹೋದ. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಮರುದಿನದಿಂದ ಕಸ್ತೂರಿ ಬರಲಿಲ್ಲ. ಬಹಳ ದಿನ ಅವಳ ಒಲೆಯ ಮುಂದೆ ನೀಲಕ್ಕ ಯಾರನ್ನೂ ಕೂರಿಸಲಿಲ್ಲ.

ಹುನಗುಂದದ ಮಾತು ಬಂದದ್ದು ಅದಾದ ಮೇಲೆ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹಳೆಯ ಗೋದಾಮು ಸಿಕ್ಕಿತ್ತು. ನೀಲಕ್ಕ ನನ್ನೊಬ್ಬಳನ್ನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಕೈಗೆ ಸುಣ್ಣದ ತುಂಡು ಕೊಟ್ಟು, “ಒಲಿ ಎಲ್ಲೆಲ್ಲಿ ಇಡತೀ, ಗೆರಿ ಹೊಡಿ. ಕುಂದರಾಕಿ ನೀನು” ಎಂದರು. ಕಿಟಕಿಯ ಕಡೆಗೆ ಒಲೆಗಳನ್ನೂ ಹಿಂದಿನ ಗೋಡೆಗೆ ಹಿಟ್ಟಿನ ಡಬ್ಬಿಗಳನ್ನೂ ಇಟ್ಟೆ. ಮೂಲೆಯಲ್ಲಿ ಒಲೆಯನ್ನೇ ಬರೆಯಲಿಲ್ಲ. ಅದನ್ನು ಕಂಡು ನೀಲಕ್ಕ ನನ್ನ ಬೆನ್ನ ಮೇಲೆ ಗುದ್ದಿದರು. “ಮನ್ಯಾಗ ಯಾವಾಗ ಹೇಳ್ತಿ?” ಎಂದರು ಬಸ್ಸಿನಲ್ಲಿ. ನಿಮ್ಮ ಬಾಯಲ್ಲಿ ಎಲ್ಲರ ಮುಂದೆ ಬಂದ ದಿನ, ಸಂಜೆ ಹೋಗಿ ನಾನೇ ಹೇಳುತ್ತೇನೆ ಎಂದೆ. ಇವರು ಒಂದು ವಾರ ಮುಖ ಗಂಟು ಹಾಕಿಕೊಳ್ಳುವರೆಂದು ನನಗೆ ಗೊತ್ತಿತ್ತು. ಅತ್ತೆ ಮೊಣಕಾಲು ನೋವೆನ್ನುವರು. ಅದಕ್ಕೆ ಏನು ಹೇಳಬೇಕು, ಇದಕ್ಕೆ ಏನು ಎಂದು ರೊಟ್ಟಿ ಬಡಿಯುತ್ತ ಬಡಿಯುತ್ತ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಜಗಳಕ್ಕಾಗಿ ಕಾಯುತ್ತಿದ್ದೆ.

ಹೀಗೆ ದಾಳಿಂಬೆ ಸೀರೆ ಉಟ್ಟು ಹೋದೆ. ಊಟದ ಮುಂಚೆ ಒಲೆಗಳನ್ನು ತಗ್ಗಿಸಿ ಎಲ್ಲರನ್ನೂ ಕೂರಿಸಿದ ನೀಲಕ್ಕ, ಸೆರಗು ಬಿಚ್ಚಿ ಕುತ್ತಿಗೆಯ ಬೆವರೊರೆಸಿ, “ಹುನಗುಂದ ರೇಖಾ ನೋಡ್ಕೋತಾಳ” ಎಂದರು. ರೇಖಾ ನನ್ನ ನಂತರ ಸೇರಿದವಳು, ಒಳ್ಳೆಯವಳು. ಅವಳೇ ಗಾಬರಿಯಾಗಿ ನನ್ನ ಮುಖ ನೋಡಿದಳು. ಚಪ್ಪಾಳೆ ತಟ್ಟಿದವರ ಕೈಗಳಿಂದ ಹಿಟ್ಟು ಹಾರಿತು.

ನೀಲಕ್ಕ ಡಬ್ಬಿಗಳ ಕಡೆ ಹೋದಾಗ ಹಿಂದೆ ಹೋದೆ. “ನನ್ನಾಗ ಏನ್ ಕಡಿಮಿ ಆತ್ರಿ?”

“ನಿನ್ನಾಗ ಏನೂ ಕಡಿಮಿ ಇಲ್ಲವಾ.”

“ಮತ್ತ?”

ಅವರು ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು. “ಮೊನ್ನಿ ನೀ ಮಗಳನ್ನ ದವಾಖಾನಿಗೆ ಕರಕೊಂಡು ಹೋಗಿದ್ದೆಲ್ಲ, ಆವಾಗ ನಿಮ್ಮ ಮನಿಗೆ ಹೋಗಿದ್ನಿ. ನಿಮ್ಮ ಯಜಮಾನ್ರು ಇದ್ರು. ಅತ್ತಿನೂ ಇದ್ರು. ಹುನಗುಂದಕ್ಕ ಕಳಸ್ತೀರೇನು ಅಂತ ಕೇಳಿದ್ನಿ.”

“ಕೇಳಿದ್ರಿ?”

“ಹೂಂ.”

“ಅವರು ಬ್ಯಾಡ ಅಂದ್ರೇನ್ರಿ?”

“ಬ್ಯಾಡ ಅನ್ಲಿಲ್ಲ. ನೋಡೂಣು ಅಂದ್ರು. ಅತ್ತಿ ಚಹಾ ಕೊಟ್ರು, ತಾವು ಕುಡೀಲಿಲ್ಲ. ನನಗ ತಿಳೀತು.”

“ನಾ ಹೇಳ್ತೇನಿ ಅಂದಿದ್ನೆಲ್ರಿ. ಜಗಳ ಆಡತಿದ್ನಿ. ಗೆಲ್ಲತಿದ್ನೋ ಬಿಡತಿದ್ನೋ, ಅದು ನನ್ನ ಪಾಲಿಂದು. ನೀವ ಕಲಿಸಿದ್ರಿ ಕೇಳಬಾರದು ಅಂತ.”

“ಕಲಿಸೇನಿ” ಎಂದರು. ನನ್ನ ಕಡೆ ನೋಡಲಿಲ್ಲ. “ಇಲ್ಲಿ ಕುಂತು ಹೇಳೂದು ಬ್ಯಾರೆ ತಂಗಿ. ಅಲ್ಲಿ ಹೊಸಾ ಜಾಗ. ಮೊದಲ ತಿಂಗಳದಾಗ ಒಂದು ಮನಿಯವರು ಬಂದು ಬಾಗಲದಾಗ ನಿಂತು ಒದರಿದ್ರು ಅಂದ್ರ, ಉಳದವರೆಲ್ಲಾ ಮನಿ ಹಿಡೀತಾರ. ಇನ್ನೊಂದು ಒಲಿ ಖಾಲಿ ಆಗೂದು ನನಗ ನೋಡಾಕ ಆಗೂದಿಲ್ಲ. ರೇಖಾನ ಗಂಡ ತಾನ ಬಂದು ಕಳಸ್ತೇನಿ ಅಂದಾನ.”

“ಹಂಗಾದ್ರ ನೀವು ರೇಖಾನ ಆರಿಸಿಲ್ರಿ” ಎಂದೆ. “ಅಕಿ ಗಂಡನ್ನ ಆರಿಸೀರಿ.”

ಅವರು ಜರಡಿ ಎತ್ತಿಕೊಂಡು, ನನಗೆ ಬೆನ್ನು ಮಾಡಿ ಕುಳಿತು ಸಾಣಿಸತೊಡಗಿದರು. ಆ ವಾರದ ಯಜಮಾನಿಯ ಬಳಿ ಹೋಗಿ, ನಾನು ಹೊರಟೆ ಎಂದು ಹೇಳಿ ಬಂದೆ.

ಮತ್ತೆ ಹೋಗಲಿಲ್ಲ. ಒಮ್ಮೆ ಸಂತೆಯಲ್ಲಿ ಅವರನ್ನು ದೂರದಿಂದ ಕಂಡೆ. ಬದನೆಕಾಯಿ ಆರಿಸುತ್ತ ಮುದುಕಿಯೊಬ್ಬಳಿಗೆ ಏನೋ ಹೇಳಿ ನಗಿಸುತ್ತಿದ್ದರು. ಕಾಲುಗಳು ಅತ್ತ ಕಡೆ ಎರಡು ಹೆಜ್ಜೆ ಇಟ್ಟವು, ನಿಂತವು. ಅವರ ಅಂಜಿಕೆಗೆ ಕಾರಣವಿತ್ತು ಎಂದು ನನಗೆ ಗೊತ್ತು. ಕಸ್ತೂರಿಯ ಆ ಒಲೆಯನ್ನು ನಾನೂ ನೋಡಿದ್ದೇನೆ. ಈ ಊರಿನಲ್ಲಿ ಬೇರೆ ಯಾರೇ ನಮ್ಮ ಮನೆಗೆ ಹೋಗಿ “ಕಳಸ್ತೀರೇನು” ಎಂದು ಕೇಳಿದ್ದರೂ ನಾನು ಮರೆಯುತ್ತಿದ್ದೆ. ನನ್ನಪ್ಪ ಕೇಳಿದ್ದರೂ ಮರೆಯುತ್ತಿದ್ದೆ. ನೀಲಕ್ಕ ಕೇಳಿದರು. ನನಗೆ ದನಿ ಕೊಟ್ಟವರು, ಆ ದನಿಗೆ ಒಂದು ಸಂಜೆಯನ್ನು ಬಿಡಲಿಲ್ಲ. ಇವರಾಗಲಿ ಅತ್ತೆಯಾಗಲಿ ನೀಲಕ್ಕ ಬಂದುಹೋದ ಸುದ್ದಿಯನ್ನು ನನಗೆ ಹೇಳಿರಲಿಲ್ಲ ಎಂಬುದೂ ನನ್ನನ್ನು ಅಷ್ಟು ಚುಚ್ಚಲಿಲ್ಲ. ಅವರು ಹೇಳದವರು ಎಂದು ನನಗೆ ಮೊದಲೇ ಗೊತ್ತಿತ್ತು.

ಕೇಂದ್ರದಿಂದ ಹೊರಟು ಬಂದ ಆ ದಿನ ಸಂಜೆ ದಾಳಿಂಬೆ ಸೀರೆ ಬದಲಿಸಿ, ಬದನೆಕಾಯಿಗೆ ಖಾರ ತುಂಬಿ ಒಲೆಯ ಮೇಲಿಟ್ಟು, ಒಣಗಿದ ಬಟ್ಟೆ ತೆಗೆಯಲು ಹೊರಗೆ ಬಂದೆ. ಮಧ್ಯಾಹ್ನದ ಸಂಗತಿಯನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಏನನ್ನು? ಪಕ್ಕದ ಮನೆಯ ಮಾದೇವಿ ತಮ್ಮ ಕಟ್ಟೆಯ ಮೇಲೆ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ಕಂಡು, ಸೊಪ್ಪಿನಿಂದ ಕಣ್ಣು ತೆಗೆಯದೆ, “ಹುನಗುಂದದ್ದು ಬ್ಯಾಡ ಅಂತ ಆತಂತಲ್ರಿ, ನಿಮ್ಮ ಅತ್ತಿಯವ್ರು ಮೊನ್ನೇನ ಹೇಳಿದ್ರು” ಎಂದರು. “ಚಲೋ ಆತ್ ಬಿಡ್ರಿ. ನಾಳಿ ನಮ್ಮ ಸಿಲಿಂಡರ್ ಬರೂದೈತಿ, ನಾವು ಬಾದಾಮಿಗೆ ಹೊಂಟೇವಿ. ನೀವು ಮನ್ಯಾಗ ಇರ್ತೀರಲ್ಲ, ಸ್ವಲ್ಪ ಇಳಿಸ್ಕೋರಿ.”