ಪುಟ್ಟಿ ದೂರದಿಂದ ಹಚ್ಚುತ್ತಿದ್ದ ಕಂಪ್ಯೂಟರ್

ಮೈಕಕ್ಕ ನಮ್ಮ ಕಟ್ಟಡದ ಮಹಡಿಯಲ್ಲಿರುತ್ತಾಳೆ. ಕೆಳಗೆ ನನ್ನ ಜೆರಾಕ್ಸ್ ಅಂಗಡಿ, ಮೇಲೆ ಅವಳ ಕೋಣೆ. ಆ ಹೆಸರು ಯಾರು ಇಟ್ಟರೋ, ಇಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ. ಅವಳು ಬಾಯಿ ತೆರೆದರೆ ಬೀದಿಯ ಆ ತುದಿಗೆ ಕೇಳಿಸುತ್ತದೆ. ಕಿವಿ ಪೂರ್ತಿ ಹೋಗಿದೆ, ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೇ ಗೊತ್ತಾಗುವುದಿಲ್ಲ. ಯಾರಿಗೂ ಹೇಳಬೇಡ ಎಂದು ನನ್ನ ಹತ್ತಿರ ಬಗ್ಗಿ ಅವಳು ಹೇಳಿದ ಗುಟ್ಟುಗಳೆಲ್ಲ ಎದುರುಮನೆಯ ಮುದುಕನಿಗೆ ಬಾಯಿಪಾಠ.

ಹುಟ್ಟಿನಿಂದ ಬಂದ ಕಿವುಡಲ್ಲ ಅದು. ಹದಿಹರೆಯದಲ್ಲೇ ವಿದ್ಯುತ್ ಮಗ್ಗಗಳ ಶೆಡ್ಡಿಗೆ ಸೇರಿದಳು. ಅಲ್ಲಿ ದಿನವಿಡೀ ಮಗ್ಗ ಬಡಿಯುವ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ತುಟಿ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಗಂಡನೂ ಅಲ್ಲೇ ಸಿಕ್ಕವನು. "ತುಟಿಯಲ್ಲೇ ಪ್ರೀತಿ ಮಾಡಿದ್ವಿ. ಮದುವೆಯಾಗಿ ಮನೆಗೆ ಬಂದ ಮೇಲೆ ಅವನ ದನಿ ಕೇಳಿ ಬೆಚ್ಚಿಬಿದ್ದೆ, ಅಷ್ಟು ಕೀರಲು" ಅಂತ ಹೇಳಿ ನಗುತ್ತಿದ್ದಳು. ಮಗಳು ಹುಟ್ಟಿ ಸ್ವಲ್ಪ ಕಾಲಕ್ಕೆ ಅವನು ಶೆಡ್ಡಿನ ಇನ್ನೊಬ್ಬಳ ತುಟಿ ನೋಡತೊಡಗಿದ, ಆಮೇಲೆ ಆ ಕಡೆಗೇ ಹೋದ. ಇವಳ ಕಿವಿ ಒಂದೊಂದೇ ಸದ್ದನ್ನು ಬಿಡುತ್ತಾ ಬಂದು, ಕೊನೆಗೆ ಮಗುವಿನ ಅಳುವೂ ಕೇಳಿಸದೆ ಹೋದಾಗ ಶೆಡ್ಡು ಬಿಟ್ಟಳು. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು ಕಿಟಕಿಯ ಪಕ್ಕ ಹಾಕಿಕೊಂಡು ದಿಂಬಿನ ಚೀಲ, ಪರದೆ, ಶಾಲೆಯ ಸಮವಸ್ತ್ರ ಹೊಲಿದು ಮಗಳನ್ನು ಓದಿಸಿದಳು.

ಮಗಳನ್ನು ಎಲ್ಲರೂ ಪುಟ್ಟಿ ಅನ್ನುತ್ತಿದ್ದೆವು. ತನ್ನ ಪಾಲಿನ ಮಾತನ್ನೂ ತಾಯಿಗೇ ಬಿಟ್ಟುಕೊಟ್ಟು ಹುಟ್ಟಿದ ಹಾಗಿದ್ದಳು, ಮೆತ್ತಗೆ ನಡೆಯುವವಳು, ಮೆತ್ತಗೆ ನಗುವವಳು. ಓದು ಮುಗಿದ ಮೇಲೆ ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕಿತು. ಹಣ್ಣು, ಆಲೂಗಡ್ಡೆ, ಐಸ್ ಹಾಕಿದ ಮೀನು ತುಂಬಿಡುವ ದೊಡ್ಡ ದೊಡ್ಡ ಕೋಣೆಗಳು. ದಪ್ಪ ಕೋಟು ಹಾಕಿಕೊಂಡು ಒಂದೊಂದು ಕೋಣೆಗೂ ಹೋಗಿ ಒಳಗೆ ಎಷ್ಟು ತಣ್ಣಗಿದೆ, ಪೆಟ್ಟಿಗೆ ಎಷ್ಟಿವೆ ಅಂತ ನೋಡಿ ಬರುವುದು ಅವಳ ಕೆಲಸ. ಒಳಗೆ ಫೋನ್ ಒಯ್ಯುವಂತಿಲ್ಲ, ಗೇಟಿನ ಪಕ್ಕದ ಕಪಾಟಿನಲ್ಲಿಟ್ಟು ಬೀಗ ಹಾಕಬೇಕು.

ಕಂಪ್ಯೂಟರ್ ಓದುವ ಕಾಲದಲ್ಲಿ ಕೊಂಡ ಹಳೆಯದು. ಅದಕ್ಕೆ ಬೇರೆ ಜಾಗವಿಲ್ಲದೆ ಹೊಲಿಗೆ ಮಿಷನ್ನಿನ ಎದುರಿಗೇ ಇತ್ತು. ಕೆಲಸದ ಜಾಗದಲ್ಲಿದ್ದಾಗ ಮನೆಯ ಕಂಪ್ಯೂಟರಿನಲ್ಲಿರುವ ಯಾವುದೋ ಫೈಲು ಬೇಕಾಗುತ್ತದೆಂದು ಪುಟ್ಟಿ ರಿಪೇರಿಯವನ ಹತ್ತಿರ ಹೇಳಿ, ಫೋನಿನಿಂದಲೇ ಅದನ್ನು ಹಚ್ಚುವ ವ್ಯವಸ್ಥೆ ಮಾಡಿಸಿಕೊಂಡಳು. ಆರಿಸಿಟ್ಟ ಕಂಪ್ಯೂಟರ್ ಪೂರ್ತಿ ಆರಿರುವುದಿಲ್ಲವಂತೆ. ನೆಟ್‌ವರ್ಕಿನ ತಂತಿ ಸಿಕ್ಕಿಸಿದ ಕಡೆ ಒಂದಿಷ್ಟು ಎಚ್ಚರ ಇರುತ್ತದಂತೆ, ಅದರ ಹೆಸರು ಹಿಡಿದು ಕೂಗಿದರೆ ಏಳುತ್ತದಂತೆ. ಅವಳು ಮೊದಲ ಸಲ ಹಾಗೆ ಕೂಗಿದ ದಿನ ಮೈಕಕ್ಕ ಅರ್ಧ ಹೊಲಿದ ಪರದೆಯನ್ನು ಹೆಗಲ ಮೇಲೇ ಎಳೆದುಕೊಂಡು ಮೆಟ್ಟಿಲಿಳಿದು ಬಂದಳು.

"ಕೋಣೆಯಲ್ಲಿ ಯಾರೂ ಇಲ್ಲ ಕಣೇ, ಅದು ತಾನೇ ಎದ್ದು ಕೂತಿದೆ," ಅಂತ ಇಡೀ ಬೀದಿಗೆ ಸಾರಿದಳು.

ಸಂಜೆ ಪುಟ್ಟಿ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವಳಿಗೇ ಹೊಳೆಯಿತು. ತಾಯಿಗೆ ಫೋನ್ ಮಾಡಿ ಫಲವಿಲ್ಲ, ಅಕ್ಷರ ಬರುವುದಿಲ್ಲವಾದ್ದರಿಂದ ಮೆಸೇಜು ಕಳಿಸಿಯೂ ಫಲವಿಲ್ಲ. ಫೋನು ಗಡಗಡ ನಡುಗಿದರೂ ಹೊಲಿಗೆ ಮಿಷನ್ನೇ ಅದಕ್ಕಿಂತ ಜೋರಾಗಿ ನಡುಗುತ್ತಿರುತ್ತದೆ. ಆದರೆ ಕಣ್ಣೆದುರಿನ ಕಂಪ್ಯೂಟರ್ ಪರದೆ ಹೊತ್ತಿಕೊಂಡರೆ ಕಾಣದೆ ಇರುತ್ತದೆಯೇ? ಹಾಗೆ ತಾಯಿ ಮಗಳ ನಡುವೆ ಒಪ್ಪಂದವಾಯಿತು. ಕೆಲಸ ಮುಗಿಸಿ ಹೊರಗೆ ಬಂದು ಕಪಾಟಿನಿಂದ ಫೋನ್ ತೆಗೆದ ಕೂಡಲೇ ಪುಟ್ಟಿ ಮನೆಯ ಕಂಪ್ಯೂಟರನ್ನು ಹಚ್ಚುತ್ತಾಳೆ, ಅಂದರೆ ಹೊರಗೆ ಬಂದೆ, ಹೊರಟೆ. ತಾಯಿ ಗುಂಡಿ ಒತ್ತಿ ಅದನ್ನು ಆರಿಸುತ್ತಾಳೆ, ಅಂದರೆ ನೋಡಿದೆ, ಬಾ. ಆರಿದ್ದು ಅವಳ ಫೋನಿನಲ್ಲಿ ಕಾಣುತ್ತಿತ್ತು. ಹೊತ್ತಾದರೂ ಪರದೆ ಹೊತ್ತದಿದ್ದರೆ ಮೈಕಕ್ಕ ಕೆಳಗಿಳಿದು ಬರಬೇಕು, ನಾನು ಕೋಲ್ಡ್ ಸ್ಟೋರೇಜಿಗೆ ಫೋನ್ ಮಾಡಿ ವಿಚಾರಿಸಬೇಕು.

ಇದೆಲ್ಲ ತಾಯಿಯ ಅತಿ ಕಾಳಜಿ ಅಂತ ನಾನು ಛೇಡಿಸುತ್ತಿದ್ದೆ, ಒಂದು ಸಲ ಅದೇ ಪುಟ್ಟಿಯನ್ನು ಉಳಿಸುವ ತನಕ. ಆ ಕೋಣೆಗಳ ಬಾಗಿಲನ್ನು ಒಳಗಿನಿಂದ ತೆರೆಯಲು ಒಂದು ಹಿಡಿ ಇದೆ. ಅದರ ಮೇಲೆ ಮಂಜುಗಡ್ಡೆ ಕಟ್ಟಿದರೆ ಅಲುಗುವುದಿಲ್ಲ. ಕಟ್ಟದಂತೆ ನೋಡಿಕೊಳ್ಳಬೇಕಾದವರು ನೋಡಿಕೊಳ್ಳುವುದಿಲ್ಲ. ಒಳಗೆ ಸಿಕ್ಕಿಬಿದ್ದವರು ಒತ್ತಬೇಕಾದ ಗಂಟೆಯೂ ಕೆಟ್ಟು ಎಷ್ಟೋ ಕಾಲವಾಗಿತ್ತು. ಅಂದು ಪರದೆ ಹೊತ್ತಲಿಲ್ಲ, ಮೈಕಕ್ಕ ಬಂದಳು, ನಾನು ಫೋನ್ ಮಾಡಿದೆ, ಕಾವಲುಗಾರ ಹೋಗಿ ಬಾಗಿಲು ತೆಗೆದ. ಪುಟ್ಟಿ ತುಟಿ ನೀಲಿಯಾಗಿ, ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಹಿಡಿ ಸರಿಮಾಡಿಸುತ್ತೇವೆ ಅಂದರು ಮೇಲಿನವರು, ಮಾಡಿಸಲಿಲ್ಲ.

ಇನ್ನೊಂದು ಸಲ ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿ ಬಂದಿತ್ತು. ಪುಟ್ಟಿ ಹೊರಗೆ ಬಂದು ಎಷ್ಟು ಕೂಗಿದರೂ ಕಂಪ್ಯೂಟರ್ ಏಳಲಿಲ್ಲ. ಮೈಕಕ್ಕ ಗಾಬರಿಯಾಗಿ ಬಂದಳು, ನಾನು ಫೋನ್ ಮಾಡಿದೆ, ಅಲ್ಲಿಯ ಮ್ಯಾನೇಜರು ಎಲ್ಲರೆದುರಿಗೆ "ಪಾಪುವನ್ನು ಅಮ್ಮ ಕರೀತಿದಾರೆ" ಅಂತ ಪುಟ್ಟಿಯನ್ನು ಆಡಿಕೊಂಡ. ಅವಳಿಗೆ ಅವಮಾನವಾಯಿತು. ರಿಪೇರಿಯವನನ್ನು ಕೇಳಿದಳು. ಕರೆಂಟ್ ಹೋಗಿ ಬಂದ ಮೇಲೆ ಒಮ್ಮೆ ಹೊತ್ತಿ ಆರದೆ ಅದಕ್ಕೆ ಕೂಗು ಕೇಳಿಸುವುದಿಲ್ಲ ಅಂದ ಅವನು, ಕರೆಂಟ್ ಬಂದ ಕೂಡಲೇ ತಾನಾಗಿ ಹೊತ್ತಿಕೊಳ್ಳುವ ಹಾಗೆ ಮಾಡಿಕೊಟ್ಟ. ಪುಟ್ಟಿ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ತುಟಿ ಬಿಡಿಸಿ ಬಿಡಿಸಿ ಹೇಳಿದಳು. ನಾನೂ ಅಲ್ಲೇ ಇದ್ದೆ.

"ಕರೆಂಟ್ ಹೋಗಿ ಬಂದರೆ ಅದು ತಾನೇ ಹೊತ್ತಿಕೊಳ್ಳುತ್ತಮ್ಮ. ಅದು ನಾನಲ್ಲ. ಸುಮ್ಮನೆ ಆರಿಸಿಬಿಡು, ಲೆಕ್ಕಕ್ಕೆ ಹಿಡೀಬೇಡ. ಆಮೇಲೆ ಹೊತ್ತೋದು ನಾನು."

"ನನಗೇನು ಅಷ್ಟು ತಿಳಿಯಲ್ವಾ? ಫ್ಯಾನ್ ನಿಂತರೆ ಕರೆಂಟ್ ಹೋಯ್ತು ಅಂತ ಅರ್ಥ," ಅಂದಳು ಮೈಕಕ್ಕ.

ಮುಂದೊಂದು ದಿನ ನಾನು ಮಧ್ಯಾಹ್ನವೇ ಅಂಗಡಿ ಮುಚ್ಚಿ, ಜೆರಾಕ್ಸ್ ಯಂತ್ರಕ್ಕೆ ಬೇಕಾದ ಶಾಯಿಪುಡಿ ತರಲು ಪಟ್ಟಣದ ಇನ್ನೊಂದು ಕಡೆ ಹೋಗಿದ್ದೆ. ವಾಪಸು ಬಂದಾಗ ಸಂಜೆ ಕಳೆದು ಕತ್ತಲಾಗುತ್ತಿತ್ತು. ಮೈಕಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಪರದೆ ಹೊತ್ತಿ ಎಷ್ಟೋ ಹೊತ್ತಾಯಿತು, ಎಂದಿಗಿಂತ ಸ್ವಲ್ಪ ಬೇಗನೇ ಹೊತ್ತಿತು, ಆರಿಸಿ ಒಲೆ ಮೇಲೆ ಅನ್ನಕ್ಕೆ ಇಟ್ಟೆ, ಅನ್ನ ಆರಿಹೋಯಿತು, ಇವಳಿನ್ನೂ ಬಂದಿಲ್ಲ ಅಂದಳು. ನಾನು ಪುಟ್ಟಿಯ ಫೋನಿಗೆ ಮಾಡಿದೆ, ಎತ್ತಲಿಲ್ಲ, ಆಮೇಲೆ ಕೋಲ್ಡ್ ಸ್ಟೋರೇಜಿಗೆ ಮಾಡಿದೆ. ಎಲ್ಲರೂ ಹೋಗಿಯಾಯಿತು, ಎಲ್ಲದಕ್ಕೂ ಬೀಗ ಹಾಕಿದೆ, ಬೇಕಾದರೆ ಮ್ಯಾನೇಜರನ್ನು ಕರೆಸಿ ತೆಗೆಸುತ್ತೇನೆ ಅಂದ ಕಾವಲುಗಾರ. ಅವನು ಹೇಳಿದ್ದನ್ನು ನಾನು ತುಟಿಯಲ್ಲಿ ಹೇಳಿದೆ.

"ಬೇಡ ಕಣೇ, ಅವಳು ಹೊರಗೆ ಬಂದಾಗಿದೆ," ಅಂದಳು ಮೈಕಕ್ಕ. "ದಾರಿಯಲ್ಲೇ ಏನೋ ಆಗಿದೆ. ದಾರಿ ನೋಡೋಣ ನಡಿ."

ನಾವು ದಾರಿ ನೋಡಿದೆವು. ಬಸ್ ನಿಲ್ದಾಣ, ಆಸ್ಪತ್ರೆ, ಪೊಲೀಸ್ ಠಾಣೆ, ಅವಳ ಗೆಳತಿಯರ ಮನೆ, ಎಲ್ಲ ಕಡೆ ಅಲೆದೆವು. ಬೆಳಗ್ಗೆ ಮೊದಲ ಪಾಳಿಯವರು ಮೀನಿನ ಕೋಣೆ ತೆಗೆದರು. ಪುಟ್ಟಿ ಬಾಗಿಲ ಬುಡದಲ್ಲೇ ಇದ್ದಳಂತೆ. ನನ್ನನ್ನು ಒಳಗೆ ಬಿಡಲಿಲ್ಲ.

ಕೆಲವು ದಿನ ಕಳೆದು ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ವಿಚಾರಣೆ ನಡೆಯಿತು. ತುಟಿ ಓದಲು ತನಗೆ ಪರಿಚಯದ ಮುಖವೊಂದು ಬೇಕೆಂದು ಮೈಕಕ್ಕ ನನ್ನನ್ನು ಕರೆದುಕೊಂಡು ಹೋದಳು. ಮ್ಯಾನೇಜರು ಬಿಳಿ ಅಂಗಿ ತೊಟ್ಟು ತಲೆ ತಗ್ಗಿಸಿ ಕೂತಿದ್ದ. ಗೇಟಿನ ಕ್ಯಾಮೆರಾ ಆ ವಾರವೇ ರಿಪೇರಿಗೆ ಹೋಗಿತ್ತಂತೆ, ಎಂಥ ಕಾಕತಾಳೀಯ ನೋಡಿ. ಫೋನು ಕಪಾಟಿನಲ್ಲೇ ಸಿಕ್ಕಿತು, ಅದನ್ನು ತೆರೆಯುವ ನಂಬರು ಪುಟ್ಟಿಗೆ ಮಾತ್ರ ಗೊತ್ತಿತ್ತು. ಅಧಿಕಾರಿ ಮೈಕಕ್ಕನನ್ನು ಕೇಳಿದ, ಮಗಳು ಕೆಲಸ ಮುಗಿಸಿ ಹೊರಗೆ ಬಂದಿದ್ದಳೋ ಇಲ್ಲವೋ ನಿಮಗೇನಾದರೂ ಗೊತ್ತೇ ಅಂತ.

"ಗೊತ್ತಿಲ್ದೆ ಏನು? ಬಂದಿದ್ದಳು," ಅಂದಳು. "ಕಂಪ್ಯೂಟರ್ ಹಚ್ಚಿದಳು, ನಾನೇ ಕೈಯಾರೆ ಆರಿಸಿದೆ."

ಪುಟ್ಟಿ ಮಾಡಿಸಿಟ್ಟ ವ್ಯವಸ್ಥೆಯನ್ನೆಲ್ಲ ನಾನು ಅಧಿಕಾರಿಗೆ ಬಿಡಿಸಿ ಹೇಳಿದೆ. "ಕರೆಂಟ್ ಹೋಗಿ ಬಂದು ಹೊತ್ತಿರಬಹುದಲ್ಲ?" ಅಂದ ಅವನು.

"ಅವತ್ತು ಕರೆಂಟ್ ಹೋಗಿರಲಿಲ್ಲ."

ಮ್ಯಾನೇಜರು ಮೊದಲ ಸಲ ತಲೆ ಎತ್ತಿದ. "ತಾಯಿನೇ ಹೇಳ್ತಿದಾರಲ್ಲ ಸರ್. ಕೆಲಸ ಮುಗಿಸಿ ಹೊರಗೆ ಬಂದವಳು ತನ್ನದೇನೋ ಮರೆತು, ಯಾರನ್ನೂ ಕೇಳದೆ ಮತ್ತೆ ಒಳಗೆ ಹೋಗಿದಾಳೆ. ಅದಕ್ಕೆ ನಾವೇನು ಮಾಡೋಕಾಗುತ್ತೆ?" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಮೈಕಕ್ಕನ ಮುಖ ನೋಡಿದರೆ ಅಲ್ಲಿ ಒಂದು ರೀತಿಯ ನೆಮ್ಮದಿ ಇತ್ತು. ಬಂದವರಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ: ಹೋಗುವ ಮುಂಚೆ ನನ್ನ ಹುಡುಗಿ ನನಗೊಂದು ಮಾತು ಹೇಳಿಯೇ ಹೋದಳು. ಅಷ್ಟನ್ನೇ ಹಿಡಿದುಕೊಂಡು ಅವಳು ಉಣ್ಣುತ್ತಿದ್ದಳು, ಹೊಲಿಯುತ್ತಿದ್ದಳು.

ಅದಾದ ಕೆಲವೇ ದಿನಕ್ಕೆ ಪಕ್ಕದ ಕ್ಷೌರದಂಗಡಿಯವನು ಯಾವುದೋ ಮಾತಿಗೆ, ಪುಟ್ಟಿ ಹೋದ ದಿನ ಇಳಿಹೊತ್ತಿನಲ್ಲಿ ಕರೆಂಟ್ ಕೈಕೊಟ್ಟು ಒಬ್ಬ ಗಿರಾಕಿಯನ್ನು ಅರ್ಧ ತಲೆಯಲ್ಲೇ ಕೂರಿಸಿಕೊಂಡಿದ್ದೆ ಅಂದ. ನನಗೆ ಮಹಡಿಯ ಕಂಪ್ಯೂಟರ್ ನೆನಪಾಯಿತು. ಅಂದು ತಂಪು ಹವೆ ಇತ್ತು. ತೆಳು ಬಟ್ಟೆ ಕತ್ತರಿಸುವಾಗ ಹಾರಬಾರದೆಂದು ಮೈಕಕ್ಕ ಫ್ಯಾನ್ ಹಾಕುವುದೂ ಇಲ್ಲ. ಹಗಲಿನ ಬೆಳಕು, ಕಾಲಲ್ಲಿ ತುಳಿಯುವ ಮಿಷನ್ನು. ನಮಗಾದರೆ ಎಲ್ಲಿಯೋ ಗುಂಯ್ ಅನ್ನುತ್ತಿದ್ದದ್ದು ನಿಂತರೆ ಕಿವಿಗೇ ಗೊತ್ತಾಗುತ್ತದೆ, ಅವಳಿಗೆ ಹೇಗೆ ಗೊತ್ತಾಗಬೇಕು? ಹೇಳಿದರೆ ಆ ಮ್ಯಾನೇಜರಿನ ಬಾಯಿ ಮುಚ್ಚುತ್ತದೆ. ಆದರೆ ಮಗಳು ಇನ್ನೂ ಬಾಗಿಲು ಬಡಿಯುತ್ತಿದ್ದಾಗ ಅವಳು ಅನ್ನಕ್ಕೆ ಇಡುತ್ತಿದ್ದಳು ಅನ್ನುವುದನ್ನೂ ಅದೇ ಬಾಯಲ್ಲಿ ಹೇಳಿದ ಹಾಗಾಗುತ್ತದೆ. ನನ್ನ ಕೈಲಾಗಲಿಲ್ಲ. ಕ್ಷೌರದವನಿಗೂ ಬಾಯಿ ಹೊಲಿದುಕೊಳ್ಳಲು ಹೇಳಿದೆ.

ಒಂದು ಮಧ್ಯಾಹ್ನ ನನ್ನ ಯಂತ್ರ ಕಾಗದವನ್ನು ಅರ್ಧ ನುಂಗಿ ನಿಂತಿತು. ಕರೆಂಟ್ ಹೋಗಿತ್ತು. ಮತ್ತೆ ಬಂದು ನಾನು ಕಾಗದ ಎಳೆಯುತ್ತಿರುವಾಗ ಮೆಟ್ಟಿಲ ಮೇಲೆ ಕಾಲಿನ ಸದ್ದಾಯಿತು. ಮೈಕಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕತ್ತರಿ ಹಾಗೇ ಇತ್ತು. ಅವಳ ಮುಖದಲ್ಲಿ ಸಂತೋಷ ಬಂದು ಹೋದ ಗುರುತಿತ್ತು. ಅದನ್ನು ನೋಡಿದ್ದು ನನಗೆ ಇವತ್ತಿಗೂ ಸಂಕಟ.

"ಕಂಪ್ಯೂಟರ್ ಹೊತ್ತಿಕೊಂಡಿತು. ಈಗ ಕರೆಂಟ್ ಹೋಗಿತ್ತಾ?" ಅಂದಳು. ಅವಳಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲೇ ಇಲ್ಲ.

ಹೌದೆಂದು ತಲೆಯಾಡಿಸಿದೆ.

"ನನಗೆ ಗೊತ್ತೇ ಆಗಲಿಲ್ಲ." ಮಹಡಿಯ ಕಡೆ ತಿರುಗಿ ನೋಡಿದಳು. "ಅವತ್ತು?"

ತುಟಿ ಓದುವವರ ಎದುರು ಸುಳ್ಳು ಹೇಳುವುದು ಕಷ್ಟ, ಅವರು ಬಾಯಿಗಿಂತ ಮುಖವನ್ನೇ ಹೆಚ್ಚು ನೋಡುತ್ತಾರೆ. ಹೋಗಿತ್ತು ಅಕ್ಕ, ಅಂದೆ. ಅವಳು ಅಲ್ಲೇ ನೆಲದ ಮೇಲೆ ಕೂತಳು. ಕತ್ತರಿಯನ್ನು ನಾನೇ ತೆಗೆದಿಟ್ಟೆ. ಅಳಲಿಲ್ಲ. "ಆ ಕಾವಲುಗಾರ ಬಾಗಿಲು ತೆಗೆಸ್ತೀನಿ ಅಂದಿದ್ದ, ಅಲ್ವಾ?" ಅಂದಳು. ಗೋಡೆ ಹಿಡಿದು ಎದ್ದಳು. ಆ ಅಧಿಕಾರಿಯ ಆಫೀಸಿಗೆ ಹೋಗಬೇಕು, ನಾನು ಹೇಳಿದ್ದು ತಪ್ಪಾಯಿತು, ಅಂದಳು. ಯೋಚನೆ ಮಾಡಕ್ಕ, ಅದನ್ನು ಹೇಳಿದ ಮೇಲೆ ನಿನಗೆ ಏನೂ ಉಳಿಯುವುದಿಲ್ಲ ಅಂತ ನಾನು ಬಿಚ್ಚಿಯೇ ಹೇಳಿದೆ. ಅವಳು ಅಷ್ಟರಲ್ಲಿ ಚಪ್ಪಲಿ ಹುಡುಕುತ್ತಿದ್ದಳು.

ಮತ್ತೆ ವಿಚಾರಣೆಗೆ ಕರೆದರು. ನಾನು ಕ್ಷೌರದವನನ್ನೂ ಎಳೆದುಕೊಂಡು ಹೋಗಿದ್ದೆ. ಮೈಕಕ್ಕ ಎದ್ದು ನಿಂತು, ಅವತ್ತು ಕರೆಂಟ್ ಹೋಗಿದ್ದು ತನಗೆ ತಿಳಿಯಲಿಲ್ಲ, ಕಂಪ್ಯೂಟರ್ ತಾನಾಗಿ ಹೊತ್ತಿದ್ದು, ಮಗಳು ಹಚ್ಚಿದ್ದಲ್ಲ, ಮಗಳು ಆ ಕೋಣೆಯಿಂದ ಹೊರಗೆ ಬಂದೇ ಇಲ್ಲ ಅಂತ ಹೇಳಿದಳು. ಅವಳ ದನಿಗೆ ಪಕ್ಕದ ಕೋಣೆಯ ಗುಮಾಸ್ತರು ಬಾಗಿಲಿಗೆ ಬಂದು ನಿಂತರು.

"ಸರ್, ಇದು ಯಾರೋ ಹೇಳಿಕೊಟ್ಟ ಮಾತು," ಅಂದ ಮ್ಯಾನೇಜರು, ನನ್ನ ಕಡೆ ನೋಡುತ್ತಾ. "ಅವತ್ತೊಂದು ಹೇಳಿದರು, ಇವತ್ತೊಂದು ಹೇಳ್ತಿದಾರೆ."

ಅಧಿಕಾರಿ ಕೆಟ್ಟವನಲ್ಲ. ಅವಳಿಗೆ ಕಾಣುವ ಹಾಗೆ ಮುಖ ತಿರುಗಿಸಿ ನಿಧಾನವಾಗಿ ಕೇಳಿದ. "ಅಮ್ಮಾ, ಅವತ್ತು ಇಲ್ಲೇ ಕೂತು ಬೇರೆ ಹೇಳಿದ್ರಿ. ನಾನು ಯಾವುದನ್ನು ನಂಬಲಿ?"

"ಸುಳ್ಳೇ ಹೇಳೋ ಹಾಗಿದ್ದರೆ ಅವತ್ತು ಹೇಳಿದ್ದನ್ನೇ ಇಟ್ಕೊಳ್ತಿದ್ದೆ ಸ್ವಾಮಿ," ಅಂದಳು ಮೈಕಕ್ಕ. "ಅದರಲ್ಲಿ ನನ್ನ ಮಗಳು ಹೊರಗೆ ಬಂದಿದ್ದಳು."